ಸಿಟಿ ಹೊರಗೆ ಮನೆ ಮಾಡಬೇಕು, ಮೂರು ಏರಿಯಾ ನೋಡಿದ್ದೇವೆ, ಯಾವುದು ಅಂತ ತಲೆ ಕೆಟ್ಟಿದೆ

ಮೂಟೆಕಟ್ಟಿದವ:

ಎಲ್ಲರಿಗೂ ನಮಸ್ಕಾರ. ಇನ್ನು ಮೂರು ತಿಂಗಳಲ್ಲಿ ನಾವು ಚಿಕ್ಕ ಊರಿಂದ ದೊಡ್ಡ ಸಿಟಿ ಕಡೆಗೆ ಹೋಗಬೇಕು. ಸಿಟಿ ಒಳಗೆ ಐದು ಜನಕ್ಕೆ ಸಾಕಾಗುವ ಮನೆ ನಮ್ಮ ಕೈಗೆ ಎಟುಕುವುದಿಲ್ಲ, ಹಾಗಾಗಿ ಹೊರವಲಯವೇ ಗತಿ. ಯಾವ ಸಿಟಿ ಅಂತ ಬೇಕಂತಲೇ ಹೇಳುತ್ತಿಲ್ಲ. ಹೇಳಿದರೆ ಎಲ್ಲರೂ ಅವರವರ ಏರಿಯಾವನ್ನೇ ಹೊಗಳುತ್ತೀರಿ, ಆಮೇಲೆ ನನ್ನ ಪ್ರಶ್ನೆ ಒಂದು ಕಡೆ, ನಿಮ್ಮ ಜಗಳ ಒಂದು ಕಡೆ.

ಮನೆಯಲ್ಲಿ ನಾನು, ಹೆಂಡತಿ, ಏಳನೇ ಕ್ಲಾಸಿನ ಮಗಳು, ಐದು ವರ್ಷದ ಮಗ, ನನ್ನ ಅಮ್ಮ. ಅಮ್ಮನಿಗೆ 71, ಮಂಡಿ ನೋವು. ಹೆಂಡತಿಯ ಆಫೀಸು ಸಿಟಿ ಮಧ್ಯದಲ್ಲಿ, ವಾರಕ್ಕೆ ಐದು ದಿನ ಹೋಗಬೇಕು. ನನ್ನದು ಸಿಟಿಯ ಇನ್ನೊಂದು ತುದಿಯಲ್ಲಿ, ಆದರೆ ಮೂರು ದಿನ ಹೋದರೆ ಸಾಕು. ಕಾರು ಒಂದೇ.

ಒಂದನೆಯ ಏರಿಯಾ 38 ಕಿಮೀ ದೂರ. ಹೊಸ ಲೇಔಟ್, ದೊಡ್ಡ ಮನೆ, ಮುಂದೆ ಗಿಡ ಹಾಕುವಷ್ಟು ಜಾಗ. ವೇಗದ ರೈಲು ಇದೆ, ಅರ್ಧ ಗಂಟೆಗೊಂದು, 35 ನಿಮಿಷಕ್ಕೆ ಸಿಟಿ ಮಧ್ಯ. ಸ್ಟೇಷನ್ ಮಾತ್ರ ಮನೆಯಿಂದ 4 ಕಿಮೀ. ಎರಡನೆಯದು 14 ಕಿಮೀ, ಹೈವೇ ಪಕ್ಕದ ಎತ್ತರದ ಅಪಾರ್ಟ್‌ಮೆಂಟ್, ಎರಡೇ ರೂಮು, ಆದರೆ ಎಲ್ಲಾ ಹೊಸದು, ಲಿಫ್ಟ್, ವಾಚ್‌ಮನ್, ಮಕ್ಕಳಿಗೆ ಆಡುವ ಜಾಗ ಎಲ್ಲಾ ಇದೆ. ಮೂರನೆಯದು 22 ಕಿಮೀ. ಅದು ಮೊದಲು ಬೇರೆ ಊರಾಗಿತ್ತಂತೆ, ಸಿಟಿ ಬೆಳೆಯುತ್ತಾ ಬಂದು ಸೇರಿಸಿಕೊಂಡಿದೆ. ಹಳೇ ಮನೆಗಳು, ಮರಗಳು, ಇಕ್ಕಟ್ಟಾದ ರಸ್ತೆ. ಸ್ಟೇಷನ್‌ಗೆ ನಡೆದು 9 ನಿಮಿಷ. ಎಲ್ಲಾ ಕಡೆ ನಿಲ್ಲುವ ರೈಲು, 28 ನಿಮಿಷ, ಹತ್ತು ನಿಮಿಷಕ್ಕೊಂದು. ಬಾತ್‌ರೂಮ್ ನೋಡಿ ಹೆಂಡತಿ ಮುಖ ಸಿಂಡರಿಸಿದಳು.

ನನ್ನ ಮನಸ್ಸು ಒಂದನೆಯದರ ಮೇಲೆ. ಹೆಂಡತಿಯದು ಎರಡನೆಯದರ ಮೇಲೆ. ಮಗಳು "ನಾನು ಎಲ್ಲಿಗೂ ಬರಲ್ಲ" ಅಂತ ರೂಮಿನ ಬಾಗಿಲು ಹಾಕಿಕೊಂಡಿದ್ದಾಳೆ. ಅಮ್ಮ ಏನೂ ಹೇಳುತ್ತಿಲ್ಲ. ನನಗೆ ಅದೇ ಭಯ.

ಎರಡುಬಸ್ಸುಒಂದುರೈಲು:

ಕಿಲೋಮೀಟರ್ ಲೆಕ್ಕ ಮೊದಲು ಬಿಡಿ ಸರ್. ನಿಮಿಷ ಎಣಿಸಿ, ಅದೂ ಬಾಗಿಲಿಂದ ಬಾಗಿಲಿಗೆ. ಜಾಹೀರಾತಿನಲ್ಲಿ ಬರೆಯುವ "35 ನಿಮಿಷ" ಅಂದರೆ ರೈಲಿನೊಳಗೆ ಕೂತ 35 ನಿಮಿಷ ಅಷ್ಟೇ. ನಿಮ್ಮ ಹೆಂಡತಿ ಮನೆಯಿಂದ ಸ್ಟೇಷನ್‌ಗೆ ಕಾರಿನಲ್ಲಿ 12 ನಿಮಿಷ, ಪಾರ್ಕಿಂಗ್ ಹುಡುಕಿ ಪ್ಲಾಟ್‌ಫಾರ್ಮ್ ಮುಟ್ಟುವುದಕ್ಕೆ 6, ರೈಲು ತಪ್ಪಬಾರದು ಅಂತ ಮುಂಚೆ ಬಂದು ಕಾಯುವುದು 7, ರೈಲಲ್ಲಿ 35, ಇಳಿದು ಆಫೀಸಿಗೆ ನಡೆಯುವುದು 10. ಆಯಿತಲ್ಲ 70. ಮೂರನೆಯದರಲ್ಲಿ ನಡಿಗೆ 9, ಕಾಯುವುದು 4, ರೈಲು 28, ಕೊನೆಗೆ 10. ಒಟ್ಟು 51. "ನಿಧಾನ" ರೈಲು 19 ನಿಮಿಷ ಮೊದಲು ಮುಟ್ಟಿಸುತ್ತದೆ! ಹೋಗಿ ಬರುವುದು ಸೇರಿಸಿದರೆ ವಾರಕ್ಕೆ 3 ಗಂಟೆಯ ಮೇಲೆ.

ಇನ್ನೊಂದು ವಿಷಯ ಯಾರೂ ನೋಡುವುದಿಲ್ಲ. ಸಂಜೆ ಬಾಸ್ ಐದು ನಿಮಿಷ ಹಿಡಿದು ನಿಲ್ಲಿಸಿದರು ಅಂದುಕೊಳ್ಳಿ. ಹತ್ತು ನಿಮಿಷಕ್ಕೊಂದು ರೈಲಿದ್ದರೆ ಹತ್ತು ನಿಮಿಷ ಹೋಯಿತು. ಅರ್ಧ ಗಂಟೆಗೊಂದು ಇದ್ದರೆ ಅರ್ಧ ಗಂಟೆ ಹೋಯಿತು, ಮೂಡ್ ಕೂಡ ಹೋಯಿತು. ವೇಗಕ್ಕಿಂತ ಎಷ್ಟು ಹೊತ್ತಿಗೊಂದು ಬರುತ್ತದೆ ಅನ್ನೋದು ಮುಖ್ಯ. ಕೊನೆಯ ರೈಲು ಎಷ್ಟು ಗಂಟೆಗೆ ಅಂತಲೂ ಕೇಳಿ, ಭಾನುವಾರದ ಟೈಮ್‌ಟೇಬಲ್ ಬೇರೆ ಇರುತ್ತದೆ.

ಚೆಸಾರೆ ಮಾರ್ಕೆಟ್ಟಿ ಅಂತ ಒಬ್ಬ ಇಟಲಿಯ ಭೌತವಿಜ್ಞಾನಿ 1994ರಲ್ಲಿ ಒಂದು ಮಾತು ಬರೆದಿದ್ದರು. ಜನ ದಿನಕ್ಕೆ ಓಡಾಟಕ್ಕೆ ಕೊಡುವುದು ಸರಾಸರಿ ಒಂದು ಗಂಟೆ, ಯಾವ ಕಾಲದಲ್ಲೂ ಹೆಚ್ಚುಕಡಿಮೆ ಅಷ್ಟೇ. ನಡೆದು ಓಡಾಡುವ ಕಾಲದಲ್ಲಿ ಊರುಗಳು ಸುಮಾರು 5 ಕಿಮೀ ಅಗಲಕ್ಕೆ ನಿಲ್ಲುತ್ತಿದ್ದವು, ಟ್ರಾಮ್, ರೈಲು, ಕಾರು ಬಂದ ಹಾಗೆ ಊರು ಹಿಗ್ಗಿತು, ಆದರೆ ಆ ಒಂದು ಗಂಟೆ ಹಿಗ್ಗಲಿಲ್ಲ. ನಿಮ್ಮ ಒಂದನೆಯ ಏರಿಯಾ ಕೇಳುತ್ತಿರುವುದು ಎರಡು ಗಂಟೆ ಇಪ್ಪತ್ತು ನಿಮಿಷ. ಅದೂ ಹೆಂಡತಿಯದು ಮಾತ್ರ. ನೀವು ಇನ್ನೊಂದು ತುದಿಗೆ ಹೋಗುವುದನ್ನು ನಾನು ಲೆಕ್ಕ ಹಾಕಿಲ್ಲ, ಹಾಕಿದರೆ ನೀವು ಬೈಯುತ್ತೀರಿ.

ಕಿಟಕಿಪಕ್ಕದವಳು:

ನಾವು ನಿಮ್ಮ ಒಂದನೆಯ ಏರಿಯಾದಂಥ ಜಾಗದಲ್ಲೇ ಆರು ವರ್ಷ ಇದ್ದೆವು, ಅದಕ್ಕೇ ಬರೆಯುತ್ತಿದ್ದೇನೆ. ಮನೆ ನೋಡಿದ ದಿನ ಮನೆ ಮುಂದಿನ ಜಾಗದಲ್ಲಿ ಎರಡು ಕುರ್ಚಿ ಹಾಕಿಕೊಂಡು ಸಂಜೆ ಕೂತಿರುತ್ತೇವೆ ಅಂತ ಕನಸು ಕಂಡಿದ್ದೆ. ಕುರ್ಚಿಯನ್ನೂ ತಂದೆವು. ಮೊದಲ ವರ್ಷ ಎಷ್ಟು ಸಲ ಕೂತೆವು ಅಂತ ನಾನೇ ಎಣಿಸಿದ್ದೇನೆ, ಹನ್ನೊಂದು ಸಲ. ನಾನು ಮನೆ ಮುಟ್ಟುವಾಗ ಕತ್ತಲಾಗಿರುತ್ತಿತ್ತು.

ಒಂದೇ ಕಾರು ಅಂದಿರಲ್ಲ, ಅಲ್ಲೇ ನೋಡಿ. ಕಾರು ಬೆಳಗ್ಗೆ ಸ್ಟೇಷನ್‌ಗೆ ಹೋಗಿ ಅಲ್ಲೇ ಇಡೀ ದಿನ ನಿಂತಿರುತ್ತದೆ. ಮನೆಯಲ್ಲಿ ಅಮ್ಮ, ಮಕ್ಕಳು, ಸುತ್ತ ಅಂಗಡಿ ಇಲ್ಲದ ಲೇಔಟ್. ಆರು ತಿಂಗಳಲ್ಲಿ ಎರಡನೇ ಕಾರು ತೆಗೆದುಕೊಳ್ಳುತ್ತೀರಿ. ದೂರದ ಮನೆ ಅಗ್ಗ ಅಂತ ಹೇಳುವಾಗ ಆ ಎರಡನೇ ಕಾರನ್ನು ಯಾರೂ ಸೇರಿಸುವುದಿಲ್ಲ.

ನಮ್ಮ ಮಗಳು ಅಲ್ಲಿ ಬೆಳೆದದ್ದು ಹಿಂದಿನ ಸೀಟಿನಲ್ಲಿ. ಶಾಲೆಗೆ ಕಾರು, ಈಜು ಕಲಿಯುವುದಕ್ಕೆ ಕಾರು, ಗೆಳತಿಯ ಮನೆಗೆ ಕಾರು. ಯೂನಿಫಾರ್ಮ್ ಬದಲಿಸುವುದು, ಹೋಂವರ್ಕ್, ನಿದ್ದೆ, ಎಲ್ಲಾ ಅಲ್ಲೇ. ಅವಳ ಒಂದು ಕಾಲುಚೀಲ ಯಾವಾಗಲೂ ಸೀಟಿನ ಕೆಳಗೆ ಇರುತ್ತಿತ್ತು. ನಿಮ್ಮ ಮಗಳಿಗೆ ಈಗ ಹನ್ನೆರಡು ಅಲ್ವಾ? ಇನ್ನು ಎರಡು ವರ್ಷಕ್ಕೆ ಅವಳು ಒಬ್ಬಳೇ ಎಲ್ಲಾದರೂ ಹೋಗಿ ಬರಬೇಕು ಅನ್ನುತ್ತಾಳೆ, ಅನ್ನಲೇಬೇಕು. ಯಾವ ಏರಿಯಾದಲ್ಲಿ ಅದು ಸಾಧ್ಯ ಅಂತ ಅವಳ ಎದುರಿಗೇ ಕೂತು ನೋಡಿ. ಬಾಗಿಲು ತೆಗೆಯಬಹುದು.

ಇದು ನನ್ನೊಬ್ಬಳ ಗೋಳಲ್ಲ. ಸ್ಟುಟ್ಸರ್, ಫ್ರೈ ಅಂತ ಇಬ್ಬರು ಅರ್ಥಶಾಸ್ತ್ರಜ್ಞರು ಜರ್ಮನಿಯ ಸಮೀಕ್ಷೆಗಳನ್ನು ನೋಡಿ ಹೇಳಿದ್ದೂ ಇದೇ: ದೂರ ಓಡಾಡುವವರು ಒಳ್ಳೆಯ ಮನೆಯೋ ಜಾಸ್ತಿ ಸಂಬಳವೋ ಸಿಕ್ಕಿ ಸರಿಹೋಗುತ್ತದೆ ಅಂದುಕೊಳ್ಳುತ್ತಾರೆ, ಆದರೆ ಕೇಳಿದಾಗ ಅವರ ಸಮಾಧಾನ ಕಡಿಮೆಯೇ ಇರುತ್ತದೆ. ದೊಡ್ಡ ಹಾಲ್ ನಾಲ್ಕು ತಿಂಗಳಲ್ಲಿ ಅಭ್ಯಾಸ ಆಗಿಬಿಡುತ್ತದೆ, ಟ್ರಾಫಿಕ್ ಮಾತ್ರ ದಿನಾ ಹೊಸದು.

ಜಾಗವೇಬಂಗಾರ:

ಎಲ್ಲರೂ ಸೇರಿ ಒಂದನೆಯದನ್ನು ಹೂತುಬಿಟ್ಟಿರಿ. ಐದು ಜನ ಎರಡು ರೂಮಿನಲ್ಲಿ ಹೇಗಿರುತ್ತಾರೆ ಸ್ವಾಮಿ? ಅಮ್ಮನ ಜೊತೆ ಹನ್ನೆರಡು ವರ್ಷದ ಹುಡುಗಿ ಒಂದೇ ರೂಮು, ಎಷ್ಟು ದಿನ? ಹೊರವಲಯಕ್ಕೆ ಜನ ಹೋಗುವುದೇ ಜಾಗಕ್ಕೆ. ಹೊಸ ಲೇಔಟ್‌ಗೆ ಇವತ್ತಲ್ಲ ನಾಳೆ ಅಗಲ ರಸ್ತೆ ಬರುತ್ತದೆ, ಆಗ ಇದೇ ಜನ ಅಯ್ಯೋ ಆಗಲೇ ತೆಗೆದುಕೊಳ್ಳಬೇಕಿತ್ತು ಅನ್ನುತ್ತಾರೆ.

ಎರಡುಬಸ್ಸುಒಂದುರೈಲು:

ರೂಮಿನ ಮಾತು ಒಪ್ಪುತ್ತೇನೆ. ರಸ್ತೆಯ ಮಾತು ಒಪ್ಪಲ್ಲ. ಅಮೆರಿಕದ ಹ್ಯೂಸ್ಟನ್‌ನಲ್ಲಿ ಕೇಟಿ ಫ್ರೀವೇ ಅಂತ ಇದೆ, 2008ರ ಹೊತ್ತಿಗೆ ಅದನ್ನು ಅಗಲ ಮಾಡಿ ಮುಗಿಸಿದರು, ಕೆಲವು ಕಡೆ ಪಕ್ಕದ ರಸ್ತೆ ಸೇರಿ 26 ಲೇನ್. 2011ರಿಂದ 2014ರ ಮಧ್ಯೆ ಬೆಳಗ್ಗೆ ಸಂಜೆಯ ಪ್ರಯಾಣದ ಸಮಯ ಇನ್ನೂ ಜಾಸ್ತಿಯೇ ಆಯಿತು. ರಸ್ತೆ ಅಗಲ ಆದರೆ ಇನ್ನೂ ದೂರದಲ್ಲಿ ಲೇಔಟ್ ಏಳುತ್ತದೆ, ಅವರೆಲ್ಲಾ ನಿಮ್ಮ ಮನೆ ಮುಂದಿನ ರಸ್ತೆಗೇ ಬರುತ್ತಾರೆ. ಬರುತ್ತದೆ ಅಂತ ಹೇಳುವ ರಸ್ತೆ, ಬರುತ್ತದೆ ಅಂತ ಹೇಳುವ ರೈಲು, ಇದನ್ನೆಲ್ಲಾ ಲೆಕ್ಕಕ್ಕೆ ಹಿಡಿಯಬೇಡಿ. ಇವತ್ತು ಓಡುತ್ತಿರುವುದು ಯಾವುದೋ ಅದು ಮಾತ್ರ.

ರಿಟೈರ್ಡ್‌ಓವರ್‌ಸಿಯರ್:

ಕಟ್ಟಡದ ಕೆಲಸದಲ್ಲಿ ಮೂವತ್ತು ವರ್ಷ ಇದ್ದವನು, ನನ್ನ ಕಣ್ಣಿಗೆ ಬೀಳುವುದೇ ಬೇರೆ. ಎರಡನೆಯದರ ಬಗ್ಗೆ ಯಾರೂ ಮಾತಾಡಿಲ್ಲ. ಹೈವೇ ಪಕ್ಕ ಅಂದಿರಿ. ರಾತ್ರಿ ಹನ್ನೊಂದರ ಮೇಲೆ ಹೋಗಿ ಬಾಲ್ಕನಿಯಲ್ಲಿ ಹತ್ತು ನಿಮಿಷ ನಿಲ್ಲಿ. ಹಗಲು ಸದ್ದು ಒಂದೇ ಸಮ ಇರುತ್ತದೆ, ಕಿವಿ ಹೊಂದಿಕೊಳ್ಳುತ್ತದೆ. ರಾತ್ರಿ ಒಂದೊಂದೇ ಲಾರಿ ಬರುತ್ತದೆ, ಅದು ನಿದ್ದೆ ಕೆಡಿಸುವುದು. ಮೇಲಿನ ಮಹಡಿ ತೆಗೆದುಕೊಂಡರೆ ಸದ್ದು ಕಡಿಮೆ ಅಂತ ಬ್ರೋಕರ್ ಹೇಳಿರಬಹುದು, ನಂಬಬೇಡಿ. ಕೆಳಗೆ ಕಾಂಪೌಂಡು, ಪಕ್ಕದ ಕಟ್ಟಡ ಸ್ವಲ್ಪವಾದರೂ ತಡೆಯುತ್ತವೆ, ಮೇಲೆ ತಡೆಯುವುದಕ್ಕೆ ಏನಿದೆ? ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಯುರೋಪಿನ ದೇಶಗಳಿಗೆ ಕೊಟ್ಟ ಸಲಹೆಯಲ್ಲಿ ರಸ್ತೆಯ ಸದ್ದು ಮನೆ ಹೊರಗೆ ರಾತ್ರಿ ಸರಾಸರಿ 45 ಡೆಸಿಬೆಲ್ ಒಳಗಿರಬೇಕು ಅಂತಿದೆ. ಫೋನಿನ ಆ್ಯಪ್ ಅಷ್ಟು ಕರಾರುವಾಕ್ಕಲ್ಲ, ಆದರೆ ಮೂರೂ ಜಾಗದಲ್ಲಿ ಒಂದೇ ಫೋನು ಹಿಡಿದರೆ ಯಾವುದು ಜಾಸ್ತಿ ಅಂತ ಗೊತ್ತಾಗುತ್ತದೆ. 10 ಡೆಸಿಬೆಲ್ ಜಾಸ್ತಿ ಅಂದರೆ ಕಿವಿಗೆ ಹತ್ತಿರ ಹತ್ತಿರ ಎರಡರಷ್ಟು.

ಒಂದನೆಯದಕ್ಕೆ ಜೋರು ಮಳೆ ಬಂದ ಮಾರನೇ ದಿನ ಹೋಗಿ. ಹೊಸ ಲೇಔಟ್‌ನಲ್ಲಿ ನೀರು ಎತ್ತ ಹರಿಯುತ್ತದೆ ಅಂತ ಮೊದಲ ಮಳೆಯೇ ಹೇಳಬೇಕು. ಮಳೆ ಇಲ್ಲದಿದ್ದರೆ ಕಾಂಪೌಂಡಿನ ಕೆಳಭಾಗ ನೋಡಿ, ಒಂದೇ ಮಟ್ಟದಲ್ಲಿ ಕಂದು ಗೆರೆ ಇದ್ದರೆ ಅಲ್ಲಿಯವರೆಗೆ ನೀರು ನಿಂತಿದೆ. ಪೇಂಟ್ ಕೆಳಗಿನ ಎರಡು ಅಡಿಗೆ ಮಾತ್ರ ಹೊಸದಾಗಿದ್ದರೆ ಇನ್ನೂ ಅನುಮಾನ ಪಡಿ. ನಲ್ಲಿಯ ತುದಿಯಲ್ಲಿ ಬಿಳಿ ಪುಡಿ ಕಟ್ಟಿದ್ದರೆ ಗಡಸು ನೀರು, ಕರಗಿರುವ ಸುಣ್ಣದ ಅಂಶ (ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ) ಲೀಟರ್‌ಗೆ 180 ಮಿಲಿಗ್ರಾಂ ದಾಟಿದರೆ ತುಂಬಾ ಗಡಸು ಅಂತ ಲೆಕ್ಕ.

ಮೂರನೆಯದರ ಬಾತ್‌ರೂಮ್ ಬಗ್ಗೆ ಇಷ್ಟು ಹೇಳುತ್ತೇನೆ. ಬಾತ್‌ರೂಮ್ ಒಡೆದು ಕಟ್ಟಬಹುದು. ಸ್ಟೇಷನ್ ಎತ್ತಿ ಹತ್ತಿರ ಇಡುವುದಕ್ಕೆ ಆಗುವುದಿಲ್ಲ. ವೈರಿಂಗ್, ಪೈಪು, ಚಾವಣಿ ಸೋರುವುದು, ಈ ಮೂರನ್ನು ತಿಳಿದವರಿಂದ ತೋರಿಸಿ.

ಬೆಂಚುಹುಡುಕುವವಳು:

ತಮ್ಮಾ, ನಾನು 68ರವಳು, ನನಗೂ ಮಂಡಿ ನೋವು. ಎಲ್ಲರೂ ಆಫೀಸಿನ ದಾರಿ ಎಣಿಸುತ್ತಿದ್ದೀರಿ, ನಿನ್ನ ಅಮ್ಮನ ದಾರಿ ಯಾರೂ ಎಣಿಸಲಿಲ್ಲ. ನೀವೆಲ್ಲಾ ಹೊರಗೆ ಹೋದ ಮೇಲೆ ಬೆಳಗ್ಗೆ ಒಂಬತ್ತರಿಂದ ಸಂಜೆವರೆಗೆ ಆ ಏರಿಯಾದಲ್ಲಿ ನಿಜವಾಗಿ ವಾಸ ಮಾಡುವವರು ಅವರೇ.

ಗಟ್ಟಿ ಕಾಲಿನವರಿಗೆ ನಿಮಿಷಕ್ಕೆ 80 ಮೀಟರ್ ಅಂತೆ. ನನಗೆ 40. ನಡುವೆ ಒಂದು ಸಲ ಕೂರಬೇಕು. ಅಂದರೆ ನನ್ನ ಊರು ಮನೆಯಿಂದ ಹತ್ತು ನಿಮಿಷದ 400 ಮೀಟರ್, ಅಷ್ಟೇ. ಅಷ್ಟರೊಳಗೆ ಔಷಧಿ ಅಂಗಡಿ ಇದೆಯಾ, ಕೂರುವುದಕ್ಕೆ ಜಾಗ ಇದೆಯಾ, ಫುಟ್‌ಪಾತ್ ಮೊಣಕಾಲೆತ್ತರ ಇಲ್ಲ ತಾನೇ, ರಸ್ತೆ ದಾಟುವಾಗ ಸಿಗ್ನಲ್ ನನ್ನ ಕಾಲು ಆಚೆ ಮುಟ್ಟುವವರೆಗೆ ಹಸಿರಿರುತ್ತದಾ. ಮಗನ ಮೊದಲ ಮನೆಯಲ್ಲಿ ಲಿಫ್ಟ್ ಇತ್ತು, ವಾಚ್‌ಮನ್ ಇದ್ದ, ಕೆಳಗೆ ಇಳಿದರೆ ಬರೀ ಕಾರು. ಒಂದೂವರೆ ವರ್ಷ ನಾನು ಮಾತಾಡಿದ್ದು ಆ ವಾಚ್‌ಮನ್ ಜೊತೆ ಮಾತ್ರ.

ಅವರು ಸುಮ್ನಿದ್ದಾರೆ ಅಂದರೆ ಒಪ್ಪಿದ್ದಾರೆ ಅಂತಲ್ಲ. ನಿಮ್ಮ ದುಡ್ಡು, ನಿಮ್ಮ ಕೆಲಸ, ನಾನ್ಯಾಕೆ ಅಡ್ಡ ಬರಲಿ ಅಂತ. "ಯಾವುದು ಇಷ್ಟ" ಅಂತ ಕೇಳಬೇಡ, ಹೇಳುವುದಿಲ್ಲ. ಕರೆದುಕೊಂಡು ಹೋಗಿ ಬಿಡು, ಅರ್ಧ ಗಂಟೆ ಅವರ ಪಾಡಿಗೆ ಅವರು ಓಡಾಡಲಿ, ನೀನು ದೂರದಿಂದ ನೋಡು.

ಮೂಟೆಕಟ್ಟಿದವ:

ಎರಡು ವಾರ ಆಯಿತು, ಏನಾಯಿತು ಅಂತ ಹೇಳಿಬಿಡುತ್ತೇನೆ. ರಜೆ ಹಾಕಿ ಮಂಗಳವಾರವೇ ಹೋದೆವು, ಭಾನುವಾರ ಹೋಗಿ ಮೋಸ ಹೋಗುವುದು ಬೇಡ ಅಂತ. ಎರಡನೆಯದರಿಂದ ಬೆಳಗ್ಗೆ ಎಂಟಕ್ಕೆ ಹೊರಟರೆ ಆ 14 ಕಿಮೀಗೆ 64 ನಿಮಿಷ. ಹೆಂಡತಿ ಕಾರಿನಲ್ಲೇ ಏನೂ ಮಾತಾಡದೆ ಕೂತಿದ್ದಳು. ಒಂದನೆಯದರಲ್ಲಿ ಸ್ಟೇಷನ್ ಪಾರ್ಕಿಂಗ್ 7:40ಕ್ಕೆ ಫುಲ್. ಪಕ್ಕದ ರಸ್ತೆಯಲ್ಲಿ ನಿಲ್ಲಿಸಿ ಓಡಿದರೂ ರೈಲು ತಪ್ಪಿತು, ಮುಂದಿನದಕ್ಕೆ ಕಾಯುತ್ತಾ ನನ್ನ ಗಿಡಗಳಿಗೆಲ್ಲಾ ಮನಸ್ಸಿನಲ್ಲೇ ಕೈ ಮುಗಿದೆ.

ಅಮ್ಮನ ವಿಷಯ. ಒಂದನೆಯದರಲ್ಲಿ ಅವರು ಗೇಟಿನವರೆಗೆ ಹೋಗಿ, ಎರಡೂ ಕಡೆ ನೋಡಿ, ವಾಪಸ್ ಬಂದು ಕಾರಿನಲ್ಲಿ ಕೂತರು. ಮೂರನೆಯದರಲ್ಲಿ ಅರ್ಧ ಗಂಟೆ ಅಂತ ಬಿಟ್ಟವರು ಒಂದು ಗಂಟೆಯಾದರೂ ಬರಲಿಲ್ಲ. ಹುಡುಕಿಕೊಂಡು ಹೋದರೆ ಯಾರದೋ ಮನೆಯ ಮೆಟ್ಟಿಲ ಮೇಲೆ ಕೂತು ಆ ಮನೆಯವರ ಮೊಮ್ಮಗಳ ಮದುವೆ ವಿಷಯ ಮಾತಾಡುತ್ತಿದ್ದರು. ಥ್ಯಾಂಕ್ಸ್ ಅಕ್ಕಾ.

ಮಗಳಿಗೆ ಸ್ಟೇಷನ್ ಹಿಂದೆ ಲೈಬ್ರರಿ ಸಿಕ್ಕಿತು. "ಪರವಾಗಿಲ್ಲ" ಅಂದಳು. ಅವಳ ಬಾಯಲ್ಲಿ ಅದು ದೊಡ್ಡ ಮಾತು.

ಮೂರನೆಯದು ಅಂತಾಯಿತು, ಆದರೆ ಕೊಂಡುಕೊಳ್ಳುತ್ತಿಲ್ಲ, ಒಂದು ವರ್ಷ ಬಾಡಿಗೆಗೆ. ಅದೇ ರಸ್ತೆಯಲ್ಲಿ ಮೂರು ರೂಮಿನ ಇನ್ನೊಂದು ಮನೆ, ಬಾತ್‌ರೂಮ್ ಅಷ್ಟಕ್ಕಷ್ಟೇ. ನನ್ನ ಆಫೀಸಿಗೆ ಅಲ್ಲಿಂದ ಎರಡು ಸಲ ರೈಲು ಬದಲಿಸಬೇಕು, 80 ನಿಮಿಷ. ಮೂರು ದಿನ ತಾನೇ, ನಾನೇ ಅನುಭವಿಸುತ್ತೇನೆ.

ಜಾಗವೇಬಂಗಾರ:

ಸರಿ ಬಿಡಿ, ಸೋತೆ. ಶಾಲೆಯಲ್ಲಿ ಸೀಟು ಇದೆಯಾ ಅಂತ ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲು ಕೇಳಿಕೊಳ್ಳಿ, ಹಳೇ ಏರಿಯಾಗಳಲ್ಲಿ ವರ್ಷದ ಮಧ್ಯೆ ಸಿಗುವುದು ಕಷ್ಟ.

ರಿಟೈರ್ಡ್‌ಓವರ್‌ಸಿಯರ್:

ಇಕ್ಕಟ್ಟಾದ ರಸ್ತೆ ಅಂತ ಮೊದಲೇ ಬರೆದಿದ್ದಿರಿ. ಸಾಮಾನಿನ ಲಾರಿ ಒಳಗೆ ಹೋಗುತ್ತದಾ, ತಿರುವಿನಲ್ಲಿ ತಿರುಗುತ್ತದಾ ನೋಡಿದಿರಾ? ನಮ್ಮ ಮನೆ ಬೀರು ಎರಡು ರಾತ್ರಿ ರಸ್ತೆ ತುದಿಯಲ್ಲೇ ನಿಂತಿತ್ತು.

ಮೂಟೆಕಟ್ಟಿದವ:

ಅಯ್ಯೋ. ನಾಳೆ ಟೇಪು ಹಿಡಿದುಕೊಂಡು ಹೋಗುತ್ತೇನೆ.