16 ಕೆಜಿ ಇಳಿದ ಮೇಲೆ ಸೂಟು: ಟೈಟ್ ಮಾಡಿಸೋದಾ, ಹೊಸದು ಹೊಲಿಸೋದಾ?

ಪ್ರಶ್ನೆ (ತುಮಕೂರಿನಿಂದ)

ಎಲ್ಲರಿಗೂ ನಮಸ್ಕಾರ. ನನಗೆ 47 ವರ್ಷ. ಹೋದ ವರ್ಷ ಶುಗರ್ ಇದೆ ಅಂತ ಗೊತ್ತಾಯಿತು. ಡಾಕ್ಟರು ಹೇಳಿದ ಹಾಗೆ ಊಟ ತಿದ್ದಿಕೊಂಡೆ, ದಿನಾ ಬೆಳಗ್ಗೆ ಒಂದು ಗಂಟೆ ನಡೆದೆ. 94 ಕೆಜಿ ಇದ್ದವನು ಈಗ 78ಕ್ಕೆ ಬಂದಿದ್ದೇನೆ. ಸೊಂಟ 40 ಇಂಚಿನಿಂದ 35 ಆಗಿದೆ.

ಬೀರುವಿನಲ್ಲಿ ನಾಲ್ಕು ಸೂಟು ಇವೆ. ಎರಡು ಆಫೀಸಿಗೆ ಅಂತ ತಗೊಂಡ ರೆಡಿಮೇಡ್. ಒಂದು ಕಪ್ಪು ಬಂದ್‌ಗಲಾ, ಅಂದರೆ ಕತ್ತಿನವರೆಗೆ ಮುಚ್ಚುವ ಕೋಟು. ಇನ್ನೊಂದು 2006ರಲ್ಲಿ ನನ್ನ ಆರತಕ್ಷತೆಗೆ ಅಪ್ಪ ಹೊಲಿಸಿಕೊಟ್ಟ ನೀಲಿ ಸೂಟು. ಆಗ ನಾನು 72 ಕೆಜಿ. 2014ರಲ್ಲಿ ತಮ್ಮನ ಮದುವೆಗೆ ಅದನ್ನು ಲೂಸ್ ಮಾಡಿಸಿದ್ದೆ. ಆಮೇಲೆ ಅದೂ ಹಿಡಿಯಲಿಲ್ಲ. ಈಗ ಹಾಕಿ ನೋಡಿದರೆ ಸ್ವಲ್ಪ ಲೂಸ್. ಉಳಿದ ಮೂರು ಜೋತು ಬೀಳುತ್ತವೆ.

ಎರಡು ತಿಂಗಳಲ್ಲಿ ಅಕ್ಕನ ಮಗಳ ಮದುವೆ ಇದೆ. ಯಾವುದನ್ನು ಆಲ್ಟರ್ ಮಾಡಿಸಲಿ, ಯಾವುದನ್ನು ಬಿಡಲಿ? ಅಪ್ಪ ಈಗಿಲ್ಲ. ನೀಲಿ ಸೂಟು ಹಾಳಾಗಬಾರದು ಅನ್ನೋದೇ ದೊಡ್ಡ ಭಯ. ಅನುಭವ ಇದ್ದವರು ದಯವಿಟ್ಟು ಹೇಳಿ.

ಬೆಂಗಳೂರಿನಿಂದ, ಬ್ಯಾಂಕ್ ಉದ್ಯೋಗಿ

ಸರ್, ಮೊದಲು ಅಭಿನಂದನೆ. ನಾನೂ ಎರಡು ವರ್ಷದಲ್ಲಿ 19 ಕೆಜಿ ಇಳಿಸಿದವನು, ಅದರ ಕಷ್ಟ ಗೊತ್ತು. ನನ್ನ ಉತ್ತರ ಒಂದೇ: ಭುಜ ನೋಡಿ. ಭುಜ ಸರಿಯಾಗಿ ಕೂತಿದ್ದರೆ ಕೋಟು ಉಳಿಸಿಕೊಳ್ಳಿ. ಭುಜ ಇಳಿಬಿದ್ದಿದ್ದರೆ ಅದರ ಮೇಲೆ ಒಂದು ರೂಪಾಯಿಯನ್ನೂ ಹಾಕಬೇಡಿ.

ಇದು ದುಡ್ಡು ಕಳೆದುಕೊಂಡು ಕಲಿತ ಪಾಠ. ನನ್ನ ಹತ್ತಿರ 44 ಸೈಜಿನ ಬೂದು ಸೂಟು ಇತ್ತು. ತುಂಬಾ ಇಷ್ಟದ್ದು. ಈಗ ನನಗೆ 40 ಸೈಜು ಸಾಕು. ಮನೆ ಹತ್ತಿರದ ಒಂದು ಅಂಗಡಿಯಲ್ಲಿ "ಆಗುತ್ತೆ ಸರ್, ಕೊಟ್ಟು ಹೋಗಿ" ಅಂದರು. ಎರಡೂ ಪಕ್ಕ ಹಿಡಿದು ಹೊಲಿದುಕೊಟ್ಟರು. ಮನೆಗೆ ತಂದು ಕನ್ನಡಿ ಮುಂದೆ ನಿಂತೆ. ಸೊಂಟವೇನೋ ಸರಿಯಾಗಿತ್ತು. ಆದರೆ ಮುಂದಿನ ಜೇಬುಗಳು ಪಕ್ಕೆಗೆ ಸರಿದಿದ್ದವು, ಹಿಂದಿನ ಸೀಳು ಬಾಯಿ ಬಿಟ್ಟುಕೊಂಡಿತ್ತು, ಭುಜ ಮೊದಲಿನಷ್ಟೇ ಅಗಲ. 1,400 ರೂಪಾಯಿ ಕೊಟ್ಟಿದ್ದೆ. ಆ ಕೋಟನ್ನು ಒಂದು ಸಲವೂ ಹಾಕಿಕೊಂಡು ಹೊರಗೆ ಹೋಗಲಿಲ್ಲ.

ಭುಜ ನೋಡೋದು ಸುಲಭ. ಕೋಟು ಹಾಕಿಕೊಂಡು ಗೋಡೆಗೆ ಪಕ್ಕವಾಗಿ ನಿಂತು ನಿಧಾನಕ್ಕೆ ವಾಲಿ. ಮೊದಲು ನಿಮ್ಮ ತೋಳು ಗೋಡೆಗೆ ತಾಗಿದರೆ ಭುಜ ಸರಿ ಇದೆ. ಕೋಟಿನ ಪ್ಯಾಡ್ ಮೊದಲು ತಾಗಿ ಕುಗ್ಗಿದರೆ ಅದು ನಿಮಗೆ ದೊಡ್ಡದು.

ಇನ್ನೊಂದು ಮಾತು. ತೂಕ ಇನ್ನೂ ಇಳಿಯುತ್ತಿದ್ದರೆ ಎಲ್ಲವನ್ನೂ ಒಟ್ಟಿಗೆ ಕೊಡಬೇಡಿ. ಮೂರು ತಿಂಗಳು ತೂಕ ಒಂದೆರಡು ಕೆಜಿ ಆಚೀಚೆಯಲ್ಲೇ ನಿಲ್ಲಲಿ. ಮದುವೆಗೆ ಒಂದು ಸೂಟು ಸಾಕಲ್ವಾ? ಅದೊಂದನ್ನು ಈಗ ಮಾಡಿಸಿ.

ಶರ್ಟ್ ಮರೆಯಬೇಡಿ. ಕತ್ತೂ ಇಳಿದಿರುತ್ತದೆ. ಗುಂಡಿ ಹಾಕಿದ ಮೇಲೆ ಕಾಲರ್ ಒಳಗೆ ಒಂದು ಬೆರಳು, ಹೆಚ್ಚೆಂದರೆ ಎರಡು ಹೋಗಬೇಕು. ಮೂರು ಹೋದರೆ ಟೈ ಕಟ್ಟಿದಾಗ ಕಾಲರ್ ಸುಕ್ಕಾಗುತ್ತದೆ, ಎಷ್ಟು ಒಳ್ಳೆ ಕೋಟು ಹಾಕಿದರೂ ಕಣ್ಣು ಅಲ್ಲಿಗೇ ಹೋಗುತ್ತದೆ. ಕಾಲರ್ ಚಿಕ್ಕದು ಮಾಡಿಸೋಕೆ ಹೋಗಬೇಡಿ, ಹೊಸ ಶರ್ಟೇ ತಗೊಳ್ಳಿ.

ಮೈಸೂರಿನಿಂದ

ನನ್ನದು ಸೂಟಲ್ಲ, ಬ್ಲೌಸ್ ಮತ್ತು ಚೂಡಿದಾರ್. ಆದರೂ ಕಾಯಿರಿ ಅಂದ ಮಾತಿಗೆ ನನ್ನದೊಂದು ಅನುಭವ ಸೇರಿಸುತ್ತೇನೆ. ಹನ್ನೊಂದು ಕೆಜಿ ಇಳಿದ ಖುಷಿಗೆ ರೇಷ್ಮೆ ಬ್ಲೌಸ್‌ಗಳನ್ನೆಲ್ಲ ಒಂದೇ ವಾರದಲ್ಲಿ ಟೈಟ್ ಮಾಡಿಸಿಬಿಟ್ಟೆ. ಮಾರ್ಜಿನ್ ಬಟ್ಟೆ ಜಾಸ್ತಿ ಆಯಿತು ಅಂತ ಎರಡರಲ್ಲಿ ಕತ್ತರಿಸಿಯೂ ಬಿಟ್ಟರು. ಆರು ತಿಂಗಳಲ್ಲಿ ಮೂರು ಕೆಜಿ ವಾಪಸ್ ಬಂತು. ಕತ್ತರಿಸಿದ ಎರಡು ಈಗ ಯಾತಕ್ಕೂ ಬರೋದಿಲ್ಲ. ಬೇರೆಯವನ್ನು ಬಿಚ್ಚಿಸಿದರೆ ರೇಷ್ಮೆ ಮೇಲೆ ಸೂಜಿ ತೂತಿನ ಸಾಲು ಹಾಗೇ ಕಾಣುತ್ತದೆ. ಅಣ್ಣ, ಟೈಲರಿಗೆ ಬಟ್ಟೆ ಕೊಡುವಾಗಲೇ "ಒಳಗಿನದನ್ನು ಕತ್ತರಿಸಬೇಡಿ" ಅಂತ ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಅವರು ಕೆಲಸ ಚೊಕ್ಕಟವಾಗಲಿ ಅಂತ ಕತ್ತರಿಸಬಹುದು.

ಹಾಸನದಿಂದ, ಟೈಲರ್

31 ವರ್ಷದಿಂದ ಕೋಟು ಹೊಲಿಯುತ್ತಿದ್ದೇನೆ. ಬ್ಯಾಂಕಿನವರು ಭುಜದ ಬಗ್ಗೆ ಹೇಳಿದ್ದು ನಿಜ. ಯಾಕೆ ಅಂತ ನಾನು ಹೇಳುತ್ತೇನೆ.

ಭುಜ ಚಿಕ್ಕದು ಮಾಡಬೇಕಾದರೆ ಲೈನಿಂಗ್ ಬಿಡಿಸಬೇಕು, ತೋಳು ಬಿಚ್ಚಬೇಕು, ಪ್ಯಾಡ್ ತೆಗೆಯಬೇಕು, ಕಂಕುಳ ಸುತ್ತನ್ನು ಹೊಸದಾಗಿ ಕೊರೆಯಬೇಕು. ಆಮೇಲೆ ತೋಳನ್ನು ಮತ್ತೆ ಕೂರಿಸಬೇಕು. ಕಷ್ಟ ಇರೋದು ಅಲ್ಲೇ. ತೋಳಿನ ತಲೆ ಯಾವಾಗಲೂ ಕಂಕುಳ ಸುತ್ತಿಗಿಂತ ಸ್ವಲ್ಪ ದೊಡ್ಡದಿರುತ್ತದೆ. ಆ ಹೆಚ್ಚಿನ ಬಟ್ಟೆಯನ್ನು ಸುಕ್ಕು ಕಾಣದ ಹಾಗೆ ಕೂರಿಸಿಕೊಂಡು ಹೋಗಬೇಕು. ಹೊಸ ಬಟ್ಟೆ ಇಸ್ತ್ರಿಯ ಹಬೆಗೆ ಮಾತು ಕೇಳುತ್ತದೆ. ಹತ್ತು ವರ್ಷ ಹಳೆಯದು ಕೇಳೋದಿಲ್ಲ. ಒಂದೊಂದು ಕಡೆ ಅರ್ಧ ಇಂಚಿನವರೆಗೆ ನಾನು ಮಾಡಿಕೊಡುತ್ತೇನೆ. ಅದಕ್ಕಿಂತ ಜಾಸ್ತಿ ಆದರೆ ಗಿರಾಕಿಗೆ ಬೇಡ ಅಂತ ಹೇಳಿ ಕಳಿಸುತ್ತೇನೆ.

ಕೋಟಿನ ಸೊಂಟ ಹಾಗಲ್ಲ. ಬೆನ್ನಿನ ನಡು ಹೊಲಿಗೆ, ಎರಡು ಪಕ್ಕದ ಹೊಲಿಗೆ, ಹೀಗೆ ಮೂರು ಕಡೆ ಹಂಚಿ ತೆಗೆದರೆ ಸುತ್ತಳತೆಯಲ್ಲಿ ಎರಡೂವರೆ ಇಂಚು ಆರಾಮಾಗಿ ಹೋಗುತ್ತದೆ. ಎಲ್ಲವನ್ನೂ ಪಕ್ಕದಲ್ಲೇ ತೆಗೆದರೆ ಜೇಬು ಹಿಂದೆ ಓಡುತ್ತದೆ. ಬ್ಯಾಂಕಿನವರ ಕೋಟಿಗೆ ಆದದ್ದು ಅದೇ.

ಪ್ಯಾಂಟಿಗೆ ಹಿಂದಿನ ನಡು ಹೊಲಿಗೆಯಲ್ಲಿ ಎರಡು ಇಂಚು ತೆಗೆಯಬಹುದು. ನಿಮಗೆ ಬೇಕಾದದ್ದು ಐದು. ಅಷ್ಟನ್ನೂ ಅಲ್ಲೇ ಹಿಡಿದರೆ ಹಿಂದಿನ ಜೇಬುಗಳೆರಡೂ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಕೂತಾಗ ಎಳೆಯುತ್ತದೆ. ಪಟ್ಟಿ ಪೂರ್ತಿ ಬಿಚ್ಚಿ, ತೊಡೆಯಿಂದ ಕೆಳಗಿನವರೆಗೂ ಹೊಸದಾಗಿ ಕತ್ತರಿಸಬೇಕಾಗುತ್ತದೆ. ರೆಡಿಮೇಡ್ ಪ್ಯಾಂಟಿಗೆ ಅಷ್ಟು ಕೂಲಿ ಕೊಡೋದು ದಂಡ. ನಿಮ್ಮ ರೆಡಿಮೇಡ್ ಎರಡನ್ನೂ ಬಿಡಿ ಅಂತಲೇ ನನ್ನ ಮಾತು.

ಬಂದ್‌ಗಲಾನೂ ಕಷ್ಟ. ಅದರ ಅಂದ ಇರೋದೇ ಕತ್ತಿನಲ್ಲಿ. ಕತ್ತು ಸಣ್ಣದಾದ ಮೇಲೆ ಪಟ್ಟಿ ಮುಂದೆ ಬಾಯಿ ತೆರೆದು ನಿಲ್ಲುತ್ತದೆ. ಹುಕ್ಕು ಸರಿಸಿ ಕಾಲು ಇಂಚು ಸುಧಾರಿಸಬಹುದು, ಅಷ್ಟೇ.

ಈಗ ನೀಲಿ ಸೂಟು. ಸರ್, ಭಯ ಬೇಡ. ನೀವು ಕೊಟ್ಟ ವಿವರ ನೋಡಿದರೆ ನಾಲ್ಕರಲ್ಲಿ ಸುಲಭವಾದದ್ದು ಅದೇ. 72 ಕೆಜಿ ಇದ್ದಾಗ ಹೊಲಿಸಿದ್ದು, ಭುಜ ಆಗಿನ ಅಳತೆಯದ್ದೇ. ಲೂಸ್ ಮಾಡಿಸುವಾಗ ಭುಜ ಮುಟ್ಟಿರೋದಿಲ್ಲ. 2014ರಲ್ಲಿ ಬಿಚ್ಚಿದ ಹಳೆ ಹೊಲಿಗೆಯ ಗುರುತು ಒಳಗೆ ಇದ್ದೇ ಇರುತ್ತದೆ. ಅದಕ್ಕೂ ಈಗಿನ ಹೊಲಿಗೆಗೂ ನಡುವೆ ನಿಮಗೆ ಎಲ್ಲಿ ಸರಿಬರುತ್ತದೋ ಅಲ್ಲಿ ಹಿಡಿಯಬೇಕು. ಮೊದಲು ಕಚ್ಚಾ ಹೊಲಿಗೆ ಹಾಕಿಸಿ, ಟ್ರಯಲ್ ನೋಡಿ, ಆಮೇಲೆ ಮಷಿನ್. ಟ್ರಯಲ್ ಇಲ್ಲದೆ ಮಾಡಿಕೊಡುತ್ತೇನೆ ಅಂದವರ ಕೈಗೆ ಕೊಡಬೇಡಿ.

ಬಿಚ್ಚಿಸುವ ಮೊದಲು ಒಂದು ಪರೀಕ್ಷೆ ಮಾಡಿ. ಕೋಟಿನ ಕೆಳಗಿನ ಕಾಜಾದ ಕೆಳಗೆ ಹೊರಬಟ್ಟೆ ಮತ್ತು ಒಳಬದಿಯ ಬಟ್ಟೆಯನ್ನು ಎರಡು ಕೈಯ ಬೆರಳಲ್ಲಿ ಹಿಡಿದು ಬೇರೆ ಬೇರೆ ಎಳೆಯಿರಿ. ಕೋಟಿನ ಎದೆಗೆ ಆಕಾರ ಕೊಡುವ ಒಳಪದರಕ್ಕೆ ಕ್ಯಾನ್ವಾಸು ಅಂತೀವಿ. ನಡುವೆ ಇನ್ನೊಂದು ಪದರ ಸಡಿಲವಾಗಿ ಆಡಿದರೆ ಅದು ಹೊಲಿದ ಕ್ಯಾನ್ವಾಸು. ಹೊರಬಟ್ಟೆಯೇ ದಪ್ಪಗೆ, ಬಿಗಿಯಾಗಿ ಸಿಕ್ಕಿದರೆ ಅಂಟಿಸಿದ ಕ್ಯಾನ್ವಾಸು. ಅಂಟಿಸಿದ್ದು ಹಳೆಯದಾದರೆ ಎದೆ ಮೇಲೆ ಗುಳ್ಳೆ ಗುಳ್ಳೆ ಏಳುತ್ತದೆ. ಗುಳ್ಳೆ ಎದ್ದ ಕೋಟಿಗೆ ಖರ್ಚು ಮಾಡಬೇಡಿ.

ಮುಂದೆ ಹೊಸದು ಹೊಲಿಸುವಾಗ ಎರಡು ಪೀಸಿನ ಸೂಟಿಗೆ ಸುಮಾರು ಮೂರೂಕಾಲು ಮೀಟರ್ ಬಟ್ಟೆ ತಗೊಳ್ಳಿ. ಬೆನ್ನಿನ ಹೊಲಿಗೆಯಲ್ಲೂ ಪ್ಯಾಂಟಿನ ಹಿಂದೆಯೂ ಒಂದೊಂದು ಇಂಚು ಹೆಚ್ಚಿನ ಬಟ್ಟೆ ಒಳಗೆ ಉಳಿಸೋಕೆ ಹೇಳಿ. ಅರ್ಜೆಂಟ್ ಇಲ್ಲದ ಕೆಲಸವನ್ನು ಆಷಾಢದಲ್ಲಿ ಕೊಡಿ. ಮದುವೆ ಕಾಲ ಮುಗಿದಿರುತ್ತದೆ, ನಮಗೂ ಕೈ ಬಿಡುವಿರುತ್ತದೆ, ಕೆಲಸ ಚೆನ್ನಾಗಿ ಬರುತ್ತದೆ.

ಧಾರವಾಡದಿಂದ, ವಕೀಲರು

ನಮಗೆ ಕಪ್ಪು ಕೋಟು ದಿನದ ಬಟ್ಟೆ. ನಾನು ಒಂಬತ್ತು ಕೆಜಿ ಇಳಿದಾಗ ಆರು ಕೋಟಿನಲ್ಲಿ ಎರಡನ್ನು ಮಾತ್ರ ಆಲ್ಟರ್ ಮಾಡಿಸಿದೆ. ಹೇಗೆ ಆರಿಸಿದೆ ಅಂದರೆ, ಆರನ್ನೂ ಅಂಗಳಕ್ಕೆ ತಂದು ಬಿಸಿಲಲ್ಲಿ ಹಿಡಿದೆ. ಮೊಣಕೈ ಹೊಳೆಯುತ್ತಿದ್ದಂಥವು, ಕಾಲರ್ ಅಂಚು ಸವೆದಂಥವು ಪಕ್ಕಕ್ಕೆ ಹೋದವು. ಮನೆಯೊಳಗಿನ ಲೈಟಿನಲ್ಲಿ ಅದು ಕಾಣೋದಿಲ್ಲ ನೋಡ್ರಿ. ಬೇಸಿಗೆಯಲ್ಲಿ ಕೆಳಗಿನ ಕೋರ್ಟುಗಳಲ್ಲಿ ಕಪ್ಪು ಕೋಟಿಗೆ ವಿನಾಯಿತಿ ಇರುತ್ತದೆ, ಆಗ ಕೊಟ್ಟು ಮಾಡಿಸಿಕೊಂಡೆ.

ಇನ್ನೊಂದು, ಕೋಟಿನ ಉದ್ದ ಕಡಿಮೆ ಮಾಡಿಸಬೇಡಿ. ಒಬ್ಬ ಗೆಳೆಯರು ಮಾಡಿಸಿದರು. ಜೇಬಿನ ಕೆಳಗೆ ಬಟ್ಟೆಯೇ ಉಳಿಯದೆ ಕೋಟು ಮೊಟಕಾಗಿ ಕಾಣುತ್ತಿತ್ತು.

ಪ್ರಶ್ನೆ ಕೇಳಿದವರು, ಮೂರು ವಾರದ ನಂತರ

ಎಲ್ಲರಿಗೂ ಧನ್ಯವಾದ. ನಿಮ್ಮ ಮಾತು ಕೇಳಿ ಒಳ್ಳೆಯದಾಯಿತು. ಇಲ್ಲದಿದ್ದರೆ ನಾಲ್ಕನ್ನೂ ಒಂದೇ ಚೀಲದಲ್ಲಿ ತುಂಬಿ ಕೊಟ್ಟು ಬರುತ್ತಿದ್ದೆ.

ಗೋಡೆ ಪರೀಕ್ಷೆ ಮಾಡಿದೆ. ರೆಡಿಮೇಡ್ ಎರಡರಲ್ಲೂ ಪ್ಯಾಡೇ ಮೊದಲು ತಾಗಿತು. ನೀಲಿ ಕೋಟಿನಲ್ಲಿ ತೋಳು ತಾಗಿತು. ಎದೆ ಮೇಲೆ ಗುಳ್ಳೆ ಇಲ್ಲ, ಒಳಗಿನ ಪದರ ಸಡಿಲವಾಗಿ ಆಡುತ್ತದೆ.

ಇಲ್ಲಿನ ಒಬ್ಬ ಹಿರಿಯ ಟೈಲರ್ ಹತ್ತಿರ ಹೋದೆ. ಅವರು ಕೋಟನ್ನು ಒಳಗೆ ಹೊರಗೆ ಮಾಡಿ, ಬೆನ್ನಿನ ಲೈನಿಂಗನ್ನು ಒಂದು ಗೇಣು ಬಿಚ್ಚಿದರು. ಒಳಗೆ ಮಡಚಿಕೊಂಡಿದ್ದ ಬಟ್ಟೆ ಕಡುನೀಲಿ. ಹೊರಗೆ ಇಷ್ಟು ಮಾಸಿದೆ ಅಂತ ನನಗೆ ಆಗಲೇ ಗೊತ್ತಾದದ್ದು. ಈಗಿನ ಹೊಲಿಗೆಯ ಪಕ್ಕದಲ್ಲೇ ಸಣ್ಣ ಸಣ್ಣ ತೂತಿನ ಇನ್ನೊಂದು ಸಾಲು ಸೊಂಟದವರೆಗೆ ಇಳಿದಿತ್ತು. "ಇದೇ ನೋಡಿ ನಿಮ್ಮ ಮದುವೆ ಅಳತೆ" ಅಂತ ಅದರ ಮೇಲೆ ಉಗುರು ಎಳೆದು ತೋರಿಸಿದರು. ಅಳತೆ ಕೊಡುವ ದಿನ ಅಪ್ಪ ಅಂಗಡಿಯ ಸ್ಟೂಲಿನ ಮೇಲೆ ಕೂತು "ಸ್ವಲ್ಪ ಬಟ್ಟೆ ಒಳಗೆ ಬಿಡಪ್ಪ, ಹುಡುಗ ದಪ್ಪ ಆಗ್ತಾನೆ" ಅಂದಿದ್ದು ನೆನಪಾಯಿತು. ಅಲ್ಲೇ ಕಣ್ಣು ತುಂಬಿ ಬಂತು.

ಹಳೆ ಸಾಲಿಗಿಂತ ಕಾಲು ಇಂಚು ಈಚೆ ಬಿಳಿ ದಾರದಲ್ಲಿ ಕಚ್ಚಾ ಹೊಲಿಗೆ ಹಾಕಿದ್ದಾರೆ. ಒಳಗಿನ ಬಟ್ಟೆ ಕತ್ತರಿಸೋದಿಲ್ಲ ಅಂತ ಮಾತು ಕೊಟ್ಟಿದ್ದಾರೆ. ಶನಿವಾರ ಟ್ರಯಲ್. ಶರ್ಟ್ 16ರ ಬದಲು 15ರ ಕಾಲರಿನದು ತಂದೆ.

ಬಂದ್‌ಗಲಾ ಹಾಗೇ ಇದೆ, ಏನು ಮಾಡೋದು ಅಂತ ಆಮೇಲೆ ನೋಡುತ್ತೇನೆ. ರೆಡಿಮೇಡ್ ಎರಡರಲ್ಲಿ ಒಂದನ್ನು ಅಣ್ಣನ ಮಗ ಹಾಕಿ ನೋಡಿದ. ಮುಂದಿನ ವಾರ ಅವನಿಗೆ ಇಂಟರ್‌ವ್ಯೂ ಇದೆ. ಗೋಡೆ ಪಕ್ಕ ನಿಲ್ಲಿಸಿದೆ. ತೋಳೇ ಮೊದಲು ತಾಗಿತು.