ಘಾಟಿ ಹತ್ತುವಾಗ ಹೀಟ್ ಆಗುವ ಹಳೆ ಪಿಕಪ್, ಬೆಳಗ್ಗೆ ಮಿಸ್ಸಿಂಗ್: ನಮ್ಮ ಕಡೆಯ ಅನುಭವ

ಅಣ್ಣಾ, ನೀವು ಬರೆದದ್ದನ್ನು ಎರಡು ಸಲ ಓದಿದೆ. 2007ರ ಮಾಡೆಲ್ ಡೀಸೆಲ್ ಪಿಕಪ್, ಹಳೆ ಕಾಲದ ಡೀಸೆಲ್ ಪಂಪ್ ಇರುವ ಇಂಜಿನ್. ಉಜಿರೆ ಕಡೆಯಿಂದ ಕೆಂಪುಕಲ್ಲು ಹೇರಿಕೊಂಡು ಚಾರ್ಮಾಡಿ ಘಾಟಿ ಹತ್ತುವಾಗ ಅರ್ಧ ದಾರಿಗೇ ಹೀಟ್ ತೋರಿಸುವ ಮುಳ್ಳು ಕೆಂಪಿಗೆ ಹೋಗುತ್ತದೆ, ಸಮತಟ್ಟು ರಸ್ತೆಯಲ್ಲಿ ಏನೂ ತೊಂದರೆ ಇಲ್ಲ. ಎರಡು ಮೂರು ದಿನಕ್ಕೊಮ್ಮೆ ಲೀಟರ್ ನೀರು ಕುಡಿಯುತ್ತದೆ, ಕೆಳಗೆ ಸೋರಿದ ಗುರುತು ಎಲ್ಲೂ ಇಲ್ಲ. ಬೆಳಗ್ಗೆ ಮೊದಲ ಸ್ಟಾರ್ಟಿಗೆ ಒಂದು ನಿಮಿಷ ಮಿಸ್ಸಿಂಗ್ (ಒಂದು ಸಿಲಿಂಡರ್ ಉರಿಯದೆ ಇಂಜಿನ್ ತಡವರಿಸುವುದು), ಗಾಡಿ ಪೂರ್ತಿ ಅಲುಗಾಡುತ್ತದೆ, ಬಿಳಿ ಹೊಗೆ. ಒಬ್ಬರು ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ನೋಜಲ್ ಅಂದರು, ಇನ್ನೊಬ್ಬರು ರೇಡಿಯೇಟರ್ ಅಂದರು, ನೀವು ಎರಡನ್ನೂ ಮಾಡಿಸಿದಿರಿ, ಸರಿಹೋಗಲಿಲ್ಲ. ಈಗ ಮೂರನೆಯವರು ಇಂಜಿನ್ ಪೂರ್ತಿ ಬಿಚ್ಚೋಣ ಅನ್ನುತ್ತಿದ್ದಾರೆ. ದಯವಿಟ್ಟು ಎರಡು ದಿನ ತಡೆಯಿರಿ. ಲೋಡ್ ಮಾತ್ರ ಹೊಡೆಯಬೇಡಿ.

ನೀವು ಬರೆದ ಮೂರು ವಿಷಯಗಳಲ್ಲಿ ನನಗೆ ದೊಡ್ಡದಾಗಿ ಕಂಡದ್ದು ಹೀಟ್ ಅಲ್ಲ, ಮಿಸ್ಸಿಂಗೂ ಅಲ್ಲ. ನೀರು ಎಲ್ಲಿ ಹೋಗುತ್ತಿದೆ ಅನ್ನೋದು. ಹೊರಗೆ ಸೋರದ ನೀರು ಒಳಗೆ ಹೋಗುತ್ತಿರಬೇಕು ಅಲ್ವಾ? ಸಿಲಿಂಡರುಗಳ ಮೇಲೆ ಮುಚ್ಚಳದ ಹಾಗೆ ಕೂರುವುದು ಹೆಡ್, ಅದರ ಕೆಳಗಿನ ಸಂದು ಮುಚ್ಚುವ ಹಾಳೆ ಹೆಡ್ ಗ್ಯಾಸ್ಕೆಟ್. ಅದು ಒಂದು ಕಡೆ ಹೋಗಿದ್ದರೆ, ಬಿಸಿ ಇಂಜಿನ್ ನಿಲ್ಲಿಸಿದ ಮೇಲೂ ರೇಡಿಯೇಟರ್ ಒಳಗೆ ಒತ್ತಡ ಇರುತ್ತದೆ. ಆ ಒತ್ತಡಕ್ಕೆ ರಾತ್ರಿಯೆಲ್ಲ ಸ್ವಲ್ಪ ಸ್ವಲ್ಪ ನೀರು ಒಂದು ಸಿಲಿಂಡರಿಗೆ ಇಳಿಯುತ್ತದೆ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಆ ಸಿಲಿಂಡರ್ ಒದ್ದೆ, ಉರಿಯುವುದಿಲ್ಲ. ಉಳಿದ ಮೂರರ ಮೇಲೆ ಇಂಜಿನ್ ಓಡುತ್ತದೆ, ನಡುಗುತ್ತದೆ. ನೀರು ಆವಿಯಾಗಿ ಸೈಲೆನ್ಸರಿನಿಂದ ಹೊರಗೆ ಹೋದ ಮೇಲೆ ಸರಿಯಾಗುತ್ತದೆ. ಹಗಲಿಗೆ ಇದೇ ಕಥೆ ತಿರುಗುಮುರುಗು. ಘಾಟಿಯಲ್ಲಿ ಲೋಡ್ ಬಿದ್ದಾಗ ಸಿಲಿಂಡರಿನ ಬೆಂಕಿಗಾಳಿ ಅದೇ ಸಂದಿನಿಂದ ನೀರಿಗೆ ನುಗ್ಗುತ್ತದೆ, ನೀರನ್ನು ತಳ್ಳಿ ಹೊರಗೆ ಹಾಕುತ್ತದೆ, ಮುಳ್ಳು ಏರುತ್ತದೆ.

ಇದು ನನ್ನ ಊಹೆ, ಆದರೆ ಸುಮ್ನೆ ಬಂದ ಊಹೆಯಲ್ಲ. ನಾನು ಕೊಟ್ಟಿಗೆಹಾರದ ಕಡೆಯವನು. ತರಕಾರಿ ಇಳಿಸಿ ಮಂಗಳೂರಿನಿಂದ ಮೀನಿನ ಲೋಡ್ ಹಾಕಿಕೊಂಡು ಇದೇ ಘಾಟಿ ಹತ್ತುತ್ತಿದ್ದೆ. ಒಂದು ಸಲ ಮುಳ್ಳು ಕೆಂಪಿನ ಹತ್ತಿರ ಹೋಗಿ, ಇದ್ದಕ್ಕಿದ್ದಂತೆ ಕೆಳಗೆ ಬಂತು. ತಣ್ಣಗಾಯಿತು ಅಂದುಕೊಂಡು ಇನ್ನೂ ನಾಲ್ಕು ತಿರುವು ಹತ್ತಿಸಿದೆ. ಆಮೇಲೆ ತಿಳಿಯಿತು: ಹೀಟ್ ಅಳೆಯುವ ಸೆನ್ಸರ್ ನೀರಿನೊಳಗೆ ಮುಳುಗಿದ್ದರೆ ಮಾತ್ರ ಸರಿಯಾಗಿ ತೋರಿಸುತ್ತದೆ, ನೀರೇ ಖಾಲಿಯಾದರೆ ಮುಳ್ಳು ಇಳಿಯುತ್ತದೆ, ಇಂಜಿನ್ ಮಾತ್ರ ಬೇಯುತ್ತಿರುತ್ತದೆ. ಮುಳ್ಳು ದಿಢೀರ್ ಅಂತ ಬಿದ್ದರೆ ಅಲ್ಲೇ ಬದಿಗೆ ಹಾಕಿ ಆಫ್ ಮಾಡಿ.

ಗ್ಯಾರೇಜಿನಲ್ಲಿ ಹೆಡ್ ಇಳಿಸಿದಾಗ ನೋಡಿದ್ದು ಇನ್ನೂ ಕಣ್ಣ ಮುಂದಿದೆ. ಮೆಕ್ಯಾನಿಕ್ ಹೆಡ್ ಅನ್ನು ತಲೆಕೆಳಗು ಮಾಡಿ ಒರೆಸಿ, ಅದರ ಮೇಲೆ ಸ್ಟೀಲ್ ಪಟ್ಟಿ ನಿಲ್ಲಿಸಿದರು. ಹಿಂದಿನಿಂದ ನನ್ನ ಕೈಯಲ್ಲಿ ಟಾರ್ಚ್ ಹಿಡಿಸಿದರು. ಎರಡು ಮತ್ತು ಮೂರನೇ ಸಿಲಿಂಡರ್ ನಡುವೆ ಪಟ್ಟಿಯ ಕೆಳಗೆ ಕೂದಲೆಳೆಯಷ್ಟು ಬೆಳಕು ಕಾಣಿಸಿತು. ಗ್ಯಾಸ್ಕೆಟ್ ಅದೇ ಜಾಗದಲ್ಲಿ ಇದ್ದಿಲಿನ ಹಾಗೆ ಕರಕಲಾಗಿತ್ತು. ಕಾದು ಹೆಡ್ ಬಾಗಿತ್ತು. ಲೇತಿಗೆ ಕಳಿಸಿ ಫೇಸಿಂಗ್, ಅಂದರೆ ಮೈ ಉಜ್ಜಿ ಸಮ ಮಾಡಿಸಬೇಕಾಯಿತು.

ನಿಮ್ಮ ಗಾಡಿಯಲ್ಲಿ ಹೆಡ್ ಬಿಚ್ಚುವ ಮೊದಲು ನೀವೇ ಮಾಡಬಹುದಾದ ಪರೀಕ್ಷೆ ಇದೆ, ಒಂದು ರೂಪಾಯಿ ಖರ್ಚಿಲ್ಲ. ರಾತ್ರಿಯೆಲ್ಲ ನಿಂತ ಗಾಡಿ, ಇಂಜಿನ್ ಪೂರ್ತಿ ತಣ್ಣಗಿರಬೇಕು. ರೇಡಿಯೇಟರ್ ಮುಚ್ಚಳ ತೆಗೆದು ನೀರು ತುಂಬಿಸಿ ಮತ್ತೆ ಮುಚ್ಚಿ, ಸ್ಟಾರ್ಟ್ ಮಾಡಿ, ರೇಡಿಯೇಟರಿನ ಮೇಲಿನ ಹೋಸ್ ಪೈಪನ್ನು ಕೈಯಲ್ಲಿ ಹಿಸುಕಿ ಹಿಡಿಯಿರಿ. ನೀರು ಇನ್ನೂ ತಣ್ಣಗಿರುವಾಗಲೇ, ಒಂದೆರಡು ನಿಮಿಷದೊಳಗೆ ಪೈಪ್ ಕಲ್ಲಿನಂತೆ ಗಟ್ಟಿಯಾದರೆ ಅದು ಬಿಸಿಯ ಒತ್ತಡ ಅಲ್ಲ, ಸಿಲಿಂಡರಿನ ಗ್ಯಾಸ್. ಮಾರನೇ ದಿನ ಮುಚ್ಚಳ ತೆಗೆದಿಟ್ಟೇ ಸ್ಟಾರ್ಟ್ ಮಾಡಿ ಒಳಗೆ ನೋಡಿ. ಮೊದಲು ನಾಲ್ಕಾರು ಗುಳ್ಳೆ ಬಂದು ನಿಂತರೆ ಅದು ಸಿಕ್ಕಿಕೊಂಡ ಗಾಳಿ, ಬಿಡಿ. ರೇಸ್ ಕೊಟ್ಟಷ್ಟೂ ಗುಳ್ಳೆ ಬರುತ್ತಲೇ ಇದ್ದರೆ, ನೀರು ಬಾಯಿಂದ ಚಿಮ್ಮಿದರೆ, ಗ್ಯಾಸ್ಕೆಟ್ ಅಥವಾ ಹೆಡ್ ಕ್ರ್ಯಾಕ್ ಅಂತಲೇ ಇಟ್ಟುಕೊಳ್ಳಿ.

ಹೊಗೆಯ ವಾಸನೆಯನ್ನೂ ಗಮನಿಸಿ. ನೋಜಲ್ ಕೆಟ್ಟು ಅರ್ಧ ಉರಿದ ಡೀಸೆಲ್ ಆದರೂ ಹೊಗೆ ಬಿಳಿಯೇ, ಆದರೆ ಕಣ್ಣು ಉರಿಯುತ್ತದೆ, ಡೀಸೆಲ್ ನಾರುತ್ತದೆ. ನೀರಿನ ಹೊಗೆ ಅನ್ನದ ಪಾತ್ರೆಯ ಆವಿಯ ಹಾಗೆ, ಕೂಲೆಂಟ್ (ರೇಡಿಯೇಟರ್ ನೀರಿಗೆ ಸೇರಿಸುವ ದ್ರವ) ಇದ್ದರೆ ಸ್ವಲ್ಪ ಸಿಹಿ ವಾಸನೆ. ಇಂಜಿನ್ ಆಯಿಲ್ ಕಡ್ಡಿ ಎಳೆದು ನೋಡಿ, ಹಾಲು ಹಾಕಿದ ಕಾಫಿ ಬಣ್ಣ ಬಂದಿದ್ದರೆ ನೀರು ಆಯಿಲಿಗೂ ಸೇರಿದೆ, ಗಾಡಿ ಸ್ಟಾರ್ಟ್ ಮಾಡುವುದೇ ಬೇಡ. ಮಳೆಗಾಲದಲ್ಲಿ ಆಯಿಲ್ ಹಾಕುವ ಮುಚ್ಚಳದ ಒಳಗೆ ಮಾತ್ರ ತೆಳುವಾಗಿ ಬೆಳ್ಳಗೆ ಕಟ್ಟಿದ್ದರೆ ಹೆದರಬೇಡಿ, ನಮ್ಮ ಮಲೆನಾಡಿನ ತೇವಕ್ಕೆ ಅದು ಸಾಮಾನ್ಯ. ಕಡ್ಡಿಯೇ ಸಾಕ್ಷಿ.

ಒಂದು ಎಚ್ಚರಿಕೆ. ಬೆಳಗ್ಗೆ ಸೆಲ್ಫ್ ಹೊಡೆದಾಗ ಇಂಜಿನ್ ಟಕ್ ಅಂತ ಸಿಕ್ಕಿಕೊಂಡು ನಿಂತರೆ ಮತ್ತೆ ಮತ್ತೆ ಹೊಡೆಯಬೇಡಿ, ತಳ್ಳಿಯೂ ಸ್ಟಾರ್ಟ್ ಮಾಡಬೇಡಿ. ಸಿಲಿಂಡರಿನಲ್ಲಿ ನೀರು ಜಾಸ್ತಿ ತುಂಬಿದ್ದರೆ ಅದು ಒತ್ತಿದರೂ ಕುಗ್ಗುವುದಿಲ್ಲ, ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಪರೀಕ್ಷೆಯಲ್ಲಿ ಹೋಸ್ ಗಟ್ಟಿಯಾಗಲಿಲ್ಲ, ಗುಳ್ಳೆಯೂ ಬರಲಿಲ್ಲ ಅಂತಾದರೆ ನಮ್ಮ ಸ್ಟ್ಯಾಂಡಿನ ಡ್ರೈವರುಗಳು ಕಂಡದ್ದನ್ನು ಹೇಳುತ್ತೇನೆ. ಎಲ್ಲರೂ ಹಳೆ ಡೀಸೆಲ್ ಗಾಡಿಯವರೇ.

ಒಬ್ಬರ ಗಾಡಿಯಲ್ಲಿ ಕೆಟ್ಟದ್ದು ಬರೀ ಮುಚ್ಚಳ. ರೇಡಿಯೇಟರ್ ಮುಚ್ಚಳ ಅಂದರೆ ಬಾಟಲಿ ಬಿರಡೆ ಅಲ್ಲ, ಅದರಲ್ಲಿ ಸ್ಪ್ರಿಂಗ್ ಇರುತ್ತದೆ, ಒತ್ತಡ ಹಿಡಿದಿಡುತ್ತದೆ. ಅದರ ಮೇಲೆ 0.9 ಅಂತಲೋ 1.1 ಅಂತಲೋ ಬರೆದಿರುತ್ತದೆ, ಅದು ಹಿಡಿದಿಡುವ ಒತ್ತಡದ ನಂಬರ್. ಮುಚ್ಚದೆ ಕಾಯಿಸಿದ ನೀರು ಮಂಗಳೂರಿನಲ್ಲಿ 100 ಡಿಗ್ರಿಗೆ ಕುದಿಯುತ್ತದೆ, ಎತ್ತರಕ್ಕೆ ಹೋದಷ್ಟೂ ಅದಕ್ಕಿಂತ ಕಡಿಮೆಗೇ ಕುದಿಯುತ್ತದೆ, ಸಾವಿರ ಮೀಟರಿಗೆ 97ರ ಹತ್ತಿರ. 0.9ರ ಮುಚ್ಚಳ ಸರಿಯಾಗಿ ಹಿಡಿದರೆ 115 ಡಿಗ್ರಿ ಆದರೂ ಕುದಿಯುವುದಿಲ್ಲ. ಸ್ಪ್ರಿಂಗ್ ತುಕ್ಕು ಹಿಡಿದು ರಬ್ಬರ್ ಬಿರಿದಿದ್ದರೆ ಘಾಟಿಯ ಮೇಲ್ಭಾಗದಲ್ಲೇ ಉಕ್ಕಿ ಚೆಲ್ಲುತ್ತದೆ. ಹೊಸದು ಹಾಕುವಾಗ ಅದೇ ನಂಬರಿನದ್ದೇ ಹಾಕಿ.

ನನ್ನ ಭಾವನ ಗಾಡಿ ಒಣಹುಲ್ಲು ಸಾಗಿಸುತ್ತಿತ್ತು. ರೇಡಿಯೇಟರ್ ಹೊರಗಿನಿಂದ ಚೊಕ್ಕ ಕಾಣುತ್ತಿತ್ತು, ಫ್ಯಾನ್ ಕಡೆಯಿಂದ ನೀರು ಬಿಟ್ಟಾಗ ಮುಂದಿನಿಂದ ಹೊಟ್ಟು, ಹುಳ, ಕೆಮ್ಮಣ್ಣು ಗಂಜಿಯ ಹಾಗೆ ಬಂತು. ತೊಳೆಯುವಾಗ ಯಾವಾಗಲೂ ಇಂಜಿನ್ ಕಡೆಯಿಂದ ಹೊರಕ್ಕೆ, ಸಣ್ಣ ಒತ್ತಡದಲ್ಲಿ. ಸರ್ವಿಸ್ ಸ್ಟೇಷನ್ನಿನ ಗನ್ನಿನಲ್ಲಿ ಹತ್ತಿರದಿಂದ ಹೊಡೆದರೆ ತೆಳು ರೆಕ್ಕೆಗಳು ಮಡಚಿ ಗಾಳಿ ಹೋಗುವ ದಾರಿಯೇ ಮುಚ್ಚುತ್ತದೆ.

ನೀರು ಕಾದ ಮೇಲೆ ರೇಡಿಯೇಟರಿಗೆ ದಾರಿ ಬಿಡುವ ಥರ್ಮೋಸ್ಟಾಟ್ ವಾಲ್ವ್ ಬಗ್ಗೆ ನಮ್ಮಲ್ಲಿ ದೊಡ್ಡ ತಪ್ಪು ತಿಳಿವಳಿಕೆ ಇದೆ. ಹೀಟ್ ಆದರೆ ಅದನ್ನು ತೆಗೆದು ಬಿಸಾಡಿ ಅಂತ ಎಲ್ಲರೂ ಹೇಳುತ್ತಾರೆ. ನಿಮ್ಮ ಗಾಡಿಯಲ್ಲಿ ಇದೆಯೋ ಇಲ್ಲವೋ ನೋಡಿ, ಮೊದಲಿನ ಓನರ್ ತೆಗೆಸಿರಬಹುದು. ಎಷ್ಟೋ ಇಂಜಿನ್‌ಗಳಲ್ಲಿ ವಾಲ್ವ್ ತೆರೆದಾಗ ಅದರ ಕೆಳಗಿನ ತಟ್ಟೆ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ವಾಲ್ವೇ ಇಲ್ಲದಿದ್ದರೆ ಆ ದಾರಿ ಸದಾ ತೆರೆದಿರುತ್ತದೆ, ಅರ್ಧ ನೀರು ರೇಡಿಯೇಟರಿಗೆ ಬಾರದೆ ಇಂಜಿನ್ನಿನಲ್ಲೇ ಸುತ್ತುತ್ತದೆ. ಸಮತಟ್ಟಿನಲ್ಲಿ ಗೊತ್ತಾಗುವುದಿಲ್ಲ, ಏರಿನಲ್ಲಿ ಗೊತ್ತಾಗುತ್ತದೆ. ಅನುಮಾನ ಇದ್ದರೆ ವಾಲ್ವನ್ನು ದಾರದಲ್ಲಿ ಕಟ್ಟಿ ನೀರಿನ ಪಾತ್ರೆಯಲ್ಲಿ ಇಳಿಬಿಟ್ಟು ಕಾಯಿಸಿ. 82 ಅಂತ ಬರೆದಿದ್ದರೆ 82 ಡಿಗ್ರಿಗೆ ಬಾಯಿ ಬಿಡಲು ಶುರುಮಾಡಬೇಕು, ಕುದಿಯುವ ಹೊತ್ತಿಗೆ ಪೂರ್ತಿ ತೆರೆದಿರಬೇಕು.

ಫ್ಯಾನ್ ಬೆಲ್ಟ್, ಫ್ಯಾನ್ ಸುತ್ತಲಿನ ಪ್ಲಾಸ್ಟಿಕ್ ಕವಚ, ವಾಟರ್ ಪಂಪಿನ ಬೇರಿಂಗ್ ಇವನ್ನೂ ಕೈಯಾಡಿಸಿ ನೋಡಿ. ನಿಂತಾಗ, ನಿಧಾನ ಹೋಗುವಾಗ ಮಾತ್ರ ಕಾದು, ಓಡುವಾಗ ತಣ್ಣಗಾದರೆ ಫ್ಯಾನ್ ಕಡೆ ದೋಷ. ಕೆಳಗಿನ ಹೋಸ್ ರೇಸ್ ಕೊಟ್ಟಾಗ ಚಪ್ಪಟೆ ಆಗುತ್ತದಾ ಅಂತಲೂ ನೋಡಿ, ಒಳಗಿನ ಸ್ಪ್ರಿಂಗ್ ತುಕ್ಕು ಹಿಡಿದು ಹೋದರೆ ಪಂಪ್ ಎಳೆಯುವಾಗ ಪೈಪ್ ಮಡಚಿಕೊಳ್ಳುತ್ತದೆ. ಘಾಟಿ ಹತ್ತಿ ನಿಲ್ಲಿಸಿದಾಗ ನಾಲ್ಕೂ ಚಕ್ರದ ಹತ್ತಿರ ಕೈ ಹಿಡಿಯಿರಿ. ಒಂದು ಚಕ್ರ ಮಾತ್ರ ಸುಡುತ್ತಿದ್ದರೆ ಬ್ರೇಕ್ ಹಿಡಿದುಕೊಂಡಿದೆ, ಇಂಜಿನ್ ಅದನ್ನೂ ಎಳೆದುಕೊಂಡು ಹತ್ತುತ್ತಿದೆ.

ಮಿಸ್ಸಿಂಗ್ ಬೆಳಗ್ಗೆ ಮಾತ್ರವಲ್ಲದೆ ದಿನವಿಡೀ ಇದ್ದರೆ ಡೀಸೆಲ್ ಲೈನ್ ನೋಡಬೇಕು: ಫಿಲ್ಟರ್, ಅದರ ತಳದ ನೀರು, ಬಿರುಕು ಬಿಟ್ಟು ಗಾಳಿ ಎಳೆಯುವ ರಬ್ಬರ್ ಪೈಪ್. ಹಳೆ ಪಂಪ್ ಇರುವ ಇಂಜಿನ್ನಿನಲ್ಲಿ ಮೆಕ್ಯಾನಿಕ್ ಒಂದೊಂದೇ ನೋಜಲ್ ಪೈಪಿನ ನಟ್ ಸಡಿಲಿಸಿ ಕೇಳುತ್ತಾರೆ, ಯಾವುದನ್ನು ಸಡಿಲಿಸಿದಾಗ ಶಬ್ದ ಬದಲಾಗುವುದಿಲ್ಲವೋ ಆ ಸಿಲಿಂಡರ್ ಕೆಲಸ ಮಾಡುತ್ತಿಲ್ಲ. ಇದನ್ನು ಓದುತ್ತಿರುವ ಬೇರೆಯವರಿಗೆ: ನಿಮ್ಮದು ಕಾಮನ್ ರೈಲ್ ಇಂಜಿನ್ (ಒಂದೇ ಕೊಳವೆಯಿಂದ ಎಲ್ಲ ನೋಜಲಿಗೂ ಡೀಸೆಲ್ ಹೋಗುವ ಹೊಸ ಬಗೆ) ಆದರೆ ಈ ಕೆಲಸ ಖಂಡಿತಾ ಮಾಡಬೇಡಿ. ಅಲ್ಲಿ ಒತ್ತಡ ಸಾವಿರ ಬಾರ್ ದಾಟುತ್ತದೆ, ಡೀಸೆಲ್ ಸೂಜಿಯಂತೆ ಚರ್ಮದೊಳಗೆ ಹೋಗುತ್ತದೆ.

ಗ್ಯಾಸ್ಕೆಟ್ ಅಂತಲೇ ತೀರ್ಮಾನವಾದರೆ, ಬರೀ ಗ್ಯಾಸ್ಕೆಟ್ ಬದಲಿಸಿ ಮುಚ್ಚಲು ಬಿಡಬೇಡಿ. ಹೆಡ್ ಕ್ರ್ಯಾಕ್ ಪರೀಕ್ಷೆ, ಪಟ್ಟಿ ಇಟ್ಟು ನೋಡುವುದು, ಬೇಕಿದ್ದರೆ ಫೇಸಿಂಗ್, ಇಷ್ಟು ಆಗಲೇಬೇಕು. ಡೀಸೆಲ್ ಇಂಜಿನ್ನಿಗೆ ಗ್ಯಾಸ್ಕೆಟ್ ಬೇರೆ ಬೇರೆ ದಪ್ಪದಲ್ಲಿ ಬರುತ್ತದೆ, ಅಂಚಿನಲ್ಲಿ ಕಚ್ಚು ಅಥವಾ ತೂತಿನ ಗುರುತು ಇರುತ್ತದೆ, ಹಳೆಯದನ್ನು ಎಸೆಯದೆ ಅಂಗಡಿಗೆ ಒಯ್ಯಿರಿ. ಬೋಲ್ಟ್ ಬಿಗಿಯಲು ಟಾರ್ಕ್ ರೆಂಚ್ (ಬಿಗಿತ ಅಳೆಯುವ ಪಾನಾ) ಇದೆಯಾ ಅಂತ ಮೊದಲೇ ಕೇಳಿ. ನಡುವಿನಿಂದ ಹೊರಕ್ಕೆ, ಹಂತ ಹಂತವಾಗಿ ಬಿಗಿಯಬೇಕು. ಅಂದಾಜಿಗೆ ಬಿಗಿದ ಹೆಡ್ ಎರಡೇ ತಿಂಗಳಲ್ಲಿ ಮತ್ತೆ ಬಿಚ್ಚಿದ್ದನ್ನು ನೋಡಿದ್ದೇನೆ.

ಆಮೇಲೆ ಬೋರ್‌ವೆಲ್ ನೀರು ಹಾಕಬೇಡಿ, ಒಳಗೆ ಉಪ್ಪು ಕಟ್ಟುತ್ತದೆ. ಕೂಲೆಂಟ್, ಡಿಸ್ಟಿಲ್ಡ್ ವಾಟರ್. ನೀರು ಹೆಪ್ಪುಗಟ್ಟದಿರಲು ಕೂಲೆಂಟ್, ನಮ್ಮಲ್ಲಿ ಹಿಮ ಬೀಳುವುದಿಲ್ಲ, ಯಾಕೆ ಅಂತ ಕೇಳುತ್ತಾರೆ. ತುಕ್ಕು ತಡೆಯಲೂ ಅದು ಬೇಕು. ಅರಿಶಿನ ಪುಡಿ ಹಾಕಿ ಸೋರಿಕೆ ನಿಲ್ಲಿಸುವುದು ನಾನೂ ಮಾಡಿದ್ದೇನೆ, ಸಣ್ಣ ತೂತಿದ್ದರೆ ಮನೆ ಮುಟ್ಟಿಸುತ್ತದೆ. ಆದರೆ ಅದೇ ಪುಡಿ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕೂರುತ್ತದೆ, ಮಾರನೇ ದಿನವೇ ತೊಳೆಸಬೇಕು.

ದಾರಿಯಲ್ಲಿ ಮತ್ತೆ ಕಾದರೆ ಮುಚ್ಚಳ ಮುಟ್ಟಬೇಡಿ. ಗೋಣಿಚೀಲ ಹಾಕಿ ತಿರುಗಿಸಿದರೂ ಅದು ನಿಲ್ಲುವುದಿಲ್ಲ, ನನ್ನ ಬಲಗೈ ಮೊಣಕೈವರೆಗೆ ಬೆಂದದ್ದು ಹಾಗೆಯೇ, ಒಂದೂವರೆ ತಿಂಗಳು ಸ್ಟಿಯರಿಂಗ್ ಹಿಡಿಯಲಾಗಲಿಲ್ಲ. ಮುಕ್ಕಾಲು ಗಂಟೆ ಕಾಯಿರಿ. ಕಾದ ಇಂಜಿನ್ ಮೇಲೆ ತಣ್ಣೀರು ಸುರಿಯಬೇಡಿ, ಹೆಡ್ ಬಿರಿಯುತ್ತದೆ. ಆರಿದ ಮೇಲೆ ಸ್ಟಾರ್ಟ್ ಮಾಡಿ, ಇಂಜಿನ್ ಓಡುತ್ತಿರುವಾಗ ಸ್ವಲ್ಪ ಸ್ವಲ್ಪವೇ ನೀರು ಹಾಕಿ.

ನಾಳೆ ಬೆಳಗ್ಗೆ ಹೋಸ್ ಹಿಡಿದು ನೋಡಿ. ಎಷ್ಟು ಹೊತ್ತಿಗೆ ಗಟ್ಟಿಯಾಯಿತು, ಹೊಗೆ ಕಣ್ಣಿಗೆ ಉರಿಯಿತಾ ಇಲ್ವಾ, ಆಯಿಲ್ ಕಡ್ಡಿ ಯಾವ ಬಣ್ಣ ಇತ್ತು, ಈ ಮೂರು ಬರೆಯಿರಿ. ಮೂಡಿಗೆರೆಯಲ್ಲಿ ನನ್ನ ಹೆಡ್ ಮಾಡಿಕೊಟ್ಟವರನ್ನು ಕೇಳಿ ಮುಂದಿನದ್ದು ಹೇಳುತ್ತೇನೆ.