ಹತ್ತು ವರ್ಷ ನಿಂತ ರೋಡ್‌ಕಿಂಗ್: ಕೆಲಸ ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ (ತಿಪಟೂರು):
ಅಣ್ಣ, ನಮಸ್ಕಾರ. ನಮ್ಮಪ್ಪನ 1984ರ ಯೆಜ್ಡಿ ರೋಡ್‌ಕಿಂಗ್ ಬೈಕ್ ತೋಟದ ಮನೆಯಲ್ಲಿ ಹತ್ತು ವರ್ಷದಿಂದ ನಿಂತಿದೆ. ಅಪ್ಪ ಈಗಿಲ್ಲ. ಗಾಡಿ ಮಾರುವ ಮನಸ್ಸಿಲ್ಲ, ಬಿಡುವಿದ್ದಾಗ ಮನೆಯಲ್ಲೇ ಸರಿ ಮಾಡೋಣ ಅಂತಿದ್ದೇನೆ. ಕಿಕ್ ಕೆಳಗೆ ಹೋಗುತ್ತಿಲ್ಲ. ಟ್ಯಾಂಕಿನ ಒಳಗೆ ತುಕ್ಕು. ಮೊದಲು ಪೇಂಟ್, ಕ್ರೋಮ್ ಮಾಡಿಸು, ಇಂಜಿನ್ ಆಮೇಲೆ ಅಂತ ಸ್ನೇಹಿತರು ಹೇಳುತ್ತಾರೆ. ಸರಿನಾ? ಸ್ಪ್ಯಾನರ್ ಹಿಡಿದು ಅಭ್ಯಾಸ ಇದೆ, ಇಂಜಿನ್ ಮಾತ್ರ ಬಿಚ್ಚಿಲ್ಲ.

ಉತ್ತರ (ಮೆಕ್ಯಾನಿಕ್, ಮೈಸೂರು):
ನಮಸ್ಕಾರ. ಮಾರದೆ ಇಟ್ಟುಕೊಂಡಿದ್ದು ತುಂಬಾ ಒಳ್ಳೆಯದಾಯ್ತು. ಯೆಜ್ಡಿ ತಯಾರಾಗುತ್ತಿದ್ದ ನಮ್ಮ ಊರಿನ ಫ್ಯಾಕ್ಟರಿ 1996ರಲ್ಲೇ ಬಾಗಿಲು ಹಾಕಿತು. ಅಲ್ಲಿಂದ ಬಂದ ಒಂದೊಂದು ಗಾಡಿ ರಸ್ತೆಗೆ ಮರಳಿದಾಗಲೂ ನನಗೆ ಸಂತೋಷವೇ.

ಪೇಂಟ್ ಕೊನೆಗೆ. ಪೇಂಟ್ ಆದ ಮೇಲೆ ಇಂಜಿನ್ ಇಳಿಸಿದರೆ ಫ್ರೇಮಿಗೆ ಗೀರು ಬೀಳುತ್ತದೆ, ಟ್ಯಾಂಕಿನ ಮೇಲೆ ಪೆಟ್ರೋಲ್ ಚೆಲ್ಲುತ್ತದೆ. ಕೊಟ್ಟ ದುಡ್ಡು ಅಲ್ಲಿಗೆ ಹೋಯಿತು.

ಈಗ ಕಿಕ್ ವಿಷಯ. ದಯವಿಟ್ಟು ಅದರ ಮೇಲೆ ನಿಂತು ತುಳಿಯಬೇಡಿ. ಗೇರ್ ಹಾಕಿ ತಳ್ಳುವುದೂ ಬೇಡ. ಪಿಸ್ಟನ್ ರಿಂಗ್ ತುಕ್ಕು ಹಿಡಿದು ಬೋರಿಗೆ (ಸಿಲಿಂಡರಿನ ಒಳಗೋಡೆಗೆ) ಅಂಟಿಕೊಂಡಿದ್ದರೆ, ಜೋರು ಮಾಡಿದಾಗ ರಿಂಗ್ ಆ ಗೋಡೆಯ ಕಿಂಡಿಗೆ, ಅಂದರೆ ಪೋರ್ಟಿಗೆ, ಸಿಕ್ಕಿ ಮುರಿಯುತ್ತದೆ. ನ್ಯೂಟ್ರಲ್ ಮಾಡಿ, ಪ್ಲಗ್ ಬಿಚ್ಚಿ, ಆ ತೂತಿನಿಂದ ಡೀಸೆಲ್ ಜೊತೆ ಸ್ವಲ್ಪ ಇಂಜಿನ್ ಆಯಿಲ್ ಬೆರೆಸಿ ಬಿಡಿ. ಎರಡು ಮೂರು ದಿನ ಹಾಗೇ ಇರಲಿ. ಟೂ ಸ್ಟ್ರೋಕ್ ಆದ್ದರಿಂದ ಎಣ್ಣೆ ಪೋರ್ಟಿನಿಂದ ಇಳಿದು ಹೋಗಬಹುದು, ದಿನಾ ನೋಡಿ ಮತ್ತೆ ಹಾಕಿ. ಆಮೇಲೆ ಬಲಗಡೆ ಕವರ್ ತೆಗೆದು, ಡೈನಮೋ ಆರ್ಮೇಚರ್ (ಇಂಜಿನ್ ಜೊತೆ ತಿರುಗುವ ಭಾಗ) ಬೋಲ್ಟಿಗೆ ಸ್ಪ್ಯಾನರ್ ಹಾಕಿ, ಬಿಗಿಯಾಗುವ ಕಡೆಗೆ ಮೆಲ್ಲಗೆ ಒತ್ತಿ ನೋಡಿ. ಸಣ್ಣ ಬೋಲ್ಟ್ ಅದು, ಬಲ ಹಾಕಿದರೆ ತುಂಡಾಗುತ್ತದೆ. ಅಲುಗದಿದ್ದರೆ ಸಿಲಿಂಡರಿನ ಮೇಲಿನ ಮುಚ್ಚಳ, ಅಂದರೆ ಹೆಡ್ ಬಿಚ್ಚಿ ಕಣ್ಣಾರೆ ನೋಡುವುದೇ ಸರಿ. ಆರ್ಮೇಚರ್ ತಿರುಗಿಯೂ ಕಿಕ್ ಸಿಕ್ಕಿಕೊಂಡಿದ್ದರೆ ತೊಂದರೆ ಎಡಗಡೆ, ಕಿಕ್ ಗೇರಿನಲ್ಲಿದೆ. ಬೋರ್ ಆಗ ಬಚಾವ್.

ತಿಪಟೂರು:
ಮೂರು ದಿನ ಬಿಟ್ಟೆ ಅಣ್ಣ, ತಿರುಗಿತು! ಹೊಸ ಪ್ಲಗ್ ಹಾಕಿ ಸ್ಟಾರ್ಟ್ ಮಾಡಿಬಿಡಲಾ?

ಉತ್ತರ:
ಇನ್ನೂ ಬೇಡ. ನಿಂತ ಟೂ ಸ್ಟ್ರೋಕ್ ಗಾಡಿಯಲ್ಲಿ ನಾನು ಮೊದಲು ಅನುಮಾನ ಪಡುವುದು ಕ್ರ್ಯಾಂಕ್ ಸೀಲ್. ಪಿಸ್ಟನ್ ತಿರುಗಿಸುವ ಶಾಫ್ಟೇ ಕ್ರ್ಯಾಂಕ್, ಅದರ ಎರಡೂ ಕಡೆ ರಬ್ಬರ್ ಸೀಲ್ ಇರುತ್ತದೆ. ವರ್ಷಗಟ್ಟಲೆ ನಿಂತರೆ ಅದು ಗಟ್ಟಿಯಾಗಿ ಬಿರಿಯುತ್ತದೆ. ಬಲಗಡೆಯದು ಹೋದರೆ ಡೈನಮೋ ಕಡೆಯಿಂದ ಗಾಳಿ ಎಳೆಯುತ್ತದೆ. ಆಗ ಪೆಟ್ರೋಲ್-ಗಾಳಿ ಮಿಕ್ಸ್‌ಚರ್ ತೆಳುವಾಗಿ, ಆಕ್ಸಿಲರೇಟರ್ ಬಿಟ್ಟರೂ ಇಂಜಿನ್ ರೇಸ್ ಆಗುತ್ತಲೇ ಇರುತ್ತದೆ. ಹಾಗೇ ಓಡಿಸಿದರೆ ಪಿಸ್ಟನ್ ಜಾಮ್. ಎಡಗಡೆಯದು ಹೋದರೆ ಕ್ಲಚ್ ಕೇಸಿನ ಗೇರ್ ಆಯಿಲ್ ಒಳಗೆ ಹೋಗಿ ಉರಿಯುತ್ತದೆ. ನೆಲಕ್ಕೆ ಒಂದು ಹನಿ ಬಿದ್ದಿರುವುದಿಲ್ಲ, ಆದರೂ ಆಯಿಲ್ ಕಡಿಮೆಯಾಗುತ್ತಾ, ದಟ್ಟ ಬಿಳಿ ಹೊಗೆ ಬರುತ್ತಿರುತ್ತದೆ. ಎಷ್ಟೋ ಜನ ಆ ಹೊಗೆ ನೋಡಿ ಕಾರ್ಬೊರೇಟರ್ ತಿರುಗಿಸುತ್ತಾ ಕೂರುತ್ತಾರೆ, ಅಲ್ಲಿ ಏನೂ ಆಗಿರುವುದಿಲ್ಲ. ಎರಡೂ ಸೀಲ್ ಹೊಸದು ಹಾಕಿಸಿಬಿಡಿ. ಬಿಗಿಯಾಗಿ ಕೂತ ಪಾರ್ಟ್ ಎಳೆದು ತೆಗೆಯುವ ಪುಲ್ಲರ್ ಇದ್ದರೆ ಮನೆಯಲ್ಲೇ ಆಗುತ್ತದೆ. ಇಲ್ಲದಿದ್ದರೆ ಸುತ್ತಿಗೆ ಹಿಡಿಯಬೇಡಿ, ಗೊತ್ತಿರುವವರ ಹತ್ತಿರ ಮಾಡಿಸಿ.

ಅದೇ ಹೊತ್ತಿಗೆ ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಮೇಲೆ ಕೆಳಗೆ ಆಡುತ್ತದಾ ನೋಡಿ. ಆಟ ಇದ್ದರೆ ಕ್ರ್ಯಾಂಕನ್ನು ಪ್ರೆಸ್ ಯಂತ್ರದಲ್ಲಿ ಬಿಚ್ಚಿ ಸರಿ ಮಾಡಿಸಬೇಕು. ಅದು ಲೇತ್ ಅಂಗಡಿಯವರ ಕೆಲಸ, ಮನೆಯದಲ್ಲ. ಬಿಚ್ಚಿದ ಹಳೇ ಕಂಪನಿ ಪಾರ್ಟ್ ಯಾವುದನ್ನೂ ಎಸೆಯಬೇಡಿ. ಈಗ ಸಿಗುವ ಎಲ್ಲಾ ಪಾರ್ಟ್ ಸರಿಯಾಗಿ ಕೂರುವುದಿಲ್ಲ, ಅಳತೆಗೆ ಹಳೆಯದು ಬೇಕಾಗುತ್ತದೆ.

ಮತ್ತೊಬ್ಬ ಸದಸ್ಯೆ (ಶಿವಮೊಗ್ಗ):
ಸರ್, ಟ್ಯಾಂಕ್ ತುಕ್ಕಿಗೆ ಆಸಿಡ್ ಹಾಕಬಹುದಾ? ನಮ್ಮದೂ ಇದೇ ಕಥೆ.

ಉತ್ತರ:
ಬಾತ್‌ರೂಮ್ ಆಸಿಡ್ ಬೇಡಮ್ಮ, ತಗಡನ್ನೇ ತಿನ್ನುತ್ತದೆ. ಹಳೇ ಪೆಟ್ರೋಲ್ ಪೂರ್ತಿ ಇಳಿಸಿ, ಬಯಲಲ್ಲಿ, ಬೆಂಕಿಯಿಂದ ದೂರ. ಸೋಪಿನ ನೀರಲ್ಲಿ ತೊಳೆದು, ಬಿಳಿ ವಿನೆಗರ್ ತುಂಬಿಸಿ ಒಂದೆರಡು ದಿನ ಇಡಿ. ಒಂದು ಹಿಡಿ ನಟ್ಟು ಹಾಕಿ ಅಲುಗಾಡಿಸಿದರೆ ಪದರ ಪದರವಾಗಿ ಬರುತ್ತದೆ. ಹಾಕಿದಷ್ಟು ನಟ್ಟು ಎಣಿಸಿ ತೆಗೆಯಿರಿ. ಆಮೇಲೆ ಅಡುಗೆ ಸೋಡಾ ಬೆರೆಸಿದ ನೀರು, ಮತ್ತೆ ಒಳ್ಳೆ ನೀರು, ಬಿಸಿಲು. ಒಣಗಿದ ತಕ್ಷಣ 2ಟಿ ಆಯಿಲ್ (ಟೂ ಸ್ಟ್ರೋಕ್ ಇಂಜಿನ್ನಿಗೆ ಪೆಟ್ರೋಲ್ ಜೊತೆ ಹಾಕುವ ಆಯಿಲ್) ಬೆರೆಸಿದ ಪೆಟ್ರೋಲ್ ಒಳಗೆಲ್ಲ ಆಡಿಸಿ, ಇಲ್ಲದಿದ್ದರೆ ಒಂದೇ ರಾತ್ರಿಯಲ್ಲಿ ಮತ್ತೆ ಕೆಂಪಾಗುತ್ತದೆ. ತೂತು ಕಂಡರೆ ಸುಮ್ನೆ ವೆಲ್ಡಿಂಗ್ ಅಂಗಡಿಗೆ ಕೊಡಬೇಡಿ. ಖಾಲಿ ಟ್ಯಾಂಕಿನ ಆವಿಯೇ ಸಿಡಿಯುತ್ತದೆ. ಟ್ಯಾಂಕ್ ಕೆಲಸ ಮಾಡಿ ಪಳಗಿದವರೇ ಬೇಕು.

ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಇದೆ, ಅದು ನೀರು ಹೀರುತ್ತದೆ. ಗಾಡಿ ವಾರಗಟ್ಟಲೆ ನಿಲ್ಲುವುದಾದರೆ ಪೆಟ್ರೋಲ್ ಕಾಕ್ ಮುಚ್ಚಿ, ಕಾರ್ಬೊರೇಟರ್ ಖಾಲಿಯಾಗುವ ತನಕ ಓಡಿಸಿ ನಿಲ್ಲಿಸಿ. ಹಳೇ ರಬ್ಬರ್ ಪೈಪ್ ಬದಲಾಯಿಸಿ.

ತಿಪಟೂರು:
ಆರ್‌ಸಿ ಅಪ್ಪನ ಹೆಸರಲ್ಲೇ ಇದೆ, ಅವಧಿಯೂ ಮುಗಿದಿದೆ. ಏನು ಮಾಡಲಿ?

ಉತ್ತರ:
ವಾರಸುದಾರರ ಹೆಸರಿಗೆ ಮಾಡಲು ಫಾರ್ಮ್ 31, ನವೀಕರಣಕ್ಕೆ ಫಾರ್ಮ್ 25. 15 ವರ್ಷದ ನಂತರ ಐದೈದು ವರ್ಷಕ್ಕೆ ನವೀಕರಿಸುತ್ತಾರೆ, ಗಾಡಿಯನ್ನು ತಪಾಸಣೆಗೆ ತೋರಿಸಬೇಕು. ಅಲ್ಲಿ ಛಾಸಿ ನಂಬರಿನ ಪೆನ್ಸಿಲ್ ಪ್ರಿಂಟ್ ಕೇಳುತ್ತಾರೆ. ಅದಕ್ಕೇ ಹೇಳುವುದು, ಫ್ರೇಮನ್ನು ಪೌಡರ್ ಕೋಟಿಂಗಿಗೆ ಕೊಡುವ ಮೊದಲು ನಂಬರ್ ಇರುವ ಜಾಗಕ್ಕೆ ಟೇಪ್ ಹಚ್ಚಿಸಿ. ಗ್ರೈಂಡರ್ ತಾಗಿ ನಂಬರ್ ಅಳಿಸಿದರೆ ಎಷ್ಟು ಚೆನ್ನಾಗಿ ಓಡುವ ಗಾಡಿಯೂ ಕಾಗದದ ಮೇಲೆ ಇಲ್ಲದಂತೆ.

ಅಪ್ಪನ ಕಾಲದ ಬಣ್ಣ ಇನ್ನೂ ಗಟ್ಟಿಯಿದ್ದರೆ ಪೇಂಟೇ ಮಾಡಿಸಬೇಡಿ ಅನ್ನುತ್ತೇನೆ. ಪಾಲಿಶ್ ಮಾಡಿ, ವ್ಯಾಕ್ಸ್ ಹಚ್ಚಿ. ಆ ಬಣ್ಣ ಮತ್ತೆ ಬರುವುದಿಲ್ಲ.

ತಿಪಟೂರು:
ಖಂಡಿತ ಅಣ್ಣ. ಸ್ಟಾರ್ಟ್ ಆದ ಮೇಲೆ ಏನು ಎಚ್ಚರಿಕೆ?

ಉತ್ತರ:
ಮೊದಲು ಬ್ರೇಕ್. ಹಳೇ ಲೈನರ್‌ನಲ್ಲಿ ಆಸ್‌ಬೆಸ್ಟಾಸ್ ಇರಬಹುದು, ಧೂಳನ್ನು ಊದಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ಟೈರ್ ನೋಡಲು ಚೆನ್ನಾಗಿದ್ದರೂ ಹೊಸದೇ ಹಾಕಿ. ಪ್ಲಗ್ಗಿಗೆ ಕಿಡಿ ಕೊಡಿಸುವ ಪಾಯಿಂಟ್‌ಗಳ ಗ್ಯಾಪ್ 0.4 ಮಿ.ಮೀ. ಪೆಟ್ರೋಲಿಗೆ ಲೀಟರಿಗೆ 40 ಎಂಎಲ್ 2ಟಿ ಆಯಿಲ್ ಹಾಕಿ, ಕಡಿಮೆ ಮಾಡಬೇಡಿ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಮುಚ್ಚಿಕೊಂಡು ಗೇರಿನಲ್ಲೇ ಉದ್ದಕ್ಕೂ ಇಳಿಯಬೇಡಿ. ಪೆಟ್ರೋಲ್ ಹೋಗದಿದ್ದರೆ ಈ ಇಂಜಿನ್ನಿಗೆ ಆಯಿಲೂ ಹೋಗುವುದಿಲ್ಲ. ಆಗಾಗ ಆಕ್ಸಿಲರೇಟರ್ ಸ್ವಲ್ಪ ತಿರುಗಿಸಿ ಬಿಡಿ. ಸೀಲ್ ಹಾಕಿದ ಮೇಲೆ ಹೊಗೆ ಹೇಗಿದೆ ಅಂತ ಒಂದು ವಿಡಿಯೋ ಕಳಿಸಿ, ನೋಡಿ ಹೇಳುತ್ತೇನೆ.